ವಾಲಗದವರ ಮನೆ ಎದುರು

ಶ್ರೀವಾಣಿಯ ನಾದಸ್ವರ ಪೆಟ್ಟಿಗೆ ಸೇರಿದ್ದು ಎದುರುಮನೆಯ ಅರುಣ್‌ಕುಮಾರ್ ಬಂದು ಹೇಳಿದ ಮೇಲೆ. ಆದರೆ ಆ ಮೊದಲ ಸಲ ಅವಳಿಗೆ ಕೋಪ ಬಂದಿರಲಿಲ್ಲ. ಅವರು ಹೇಳಿದ್ದರಲ್ಲಿ ನ್ಯಾಯವಿತ್ತು.

ಕೋಲಾರದ ಹೊರಗೆ, ಶ್ರೀನಿವಾಸಪುರದ ರಸ್ತೆಗೆ ಹೊಂದಿಕೊಂಡ ಹೊಸ ಲೇಔಟಿನಲ್ಲಿ ಅವಳೂ ಗಂಡ ಚಂದ್ರುವೂ ಮನೆ ಕಟ್ಟಿಸಿ ಇನ್ನೂ ವರ್ಷ ತುಂಬಿರಲಿಲ್ಲ. ಚಂದ್ರುವಿಗೆ ಮಾಲೂರಿನ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಅವಳು ಶ್ರೀನಿವಾಸಪುರದ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ತಾಯಿ ತೀರಿಕೊಂಡ ಮೇಲೆ ದೇವರಾಯಸಮುದ್ರದಲ್ಲಿ ಒಬ್ಬರೇ ಅಡುಗೆ ಮಾಡಿಕೊಂಡಿದ್ದ ತಂದೆ ರಾಮಚಂದ್ರಪ್ಪನವರನ್ನು ಅವರ ಡೋಲಿನ ಸಮೇತ ಇಲ್ಲಿಗೆ ಕರೆದುಕೊಂಡು ಬಂದಿದ್ದಳು. ಅವರ ವಂಶವೆಲ್ಲ ವಾಲಗದ್ದು. ದೊಡ್ಡಪ್ಪ ನಾದಸ್ವರ ಊದಿದರೆ ಅಪ್ಪ ಡೋಲು ಬಾರಿಸುತ್ತಿದ್ದರು. ದೊಡ್ಡಪ್ಪನ ಗಂಡುಮಕ್ಕಳು ಯಾರೂ ನಾದಸ್ವರವನ್ನು ಕೈಯಲ್ಲಿ ಹಿಡಿಯಲಿಲ್ಲ. ಕೆರೆ ಏರಿಯ ಮೇಲೆ ಎದುರುಗಾಳಿಗೆ ನಿಂತು ಅದನ್ನು ಕಲಿತವಳು ಇವಳೊಬ್ಬಳೇ. ಟೀಚರ್ ಕೆಲಸ ಸಿಕ್ಕ ಮೇಲೂ ಬಿಟ್ಟಿರಲಿಲ್ಲ. ಮದುವೆ ಕಾಲದಲ್ಲಿ ಭಾನುವಾರಗಳಂದು ಅಪ್ಪ ಮಗಳು ಇಬ್ಬರೂ ಮುಳಬಾಗಿಲು, ಕೋಲಾರದ ಛತ್ರಗಳಲ್ಲಿ ನುಡಿಸಿ ಬರುತ್ತಿದ್ದರು.

ಸ್ಕೂಲಿನ ಬಸ್ಸು ಹಿಡಿಯುವ ಮುಂಚೆ ಅಭ್ಯಾಸ ಮುಗಿಯಬೇಕಾದರೆ ಕತ್ತಲಿರುವಾಗಲೇ ಕೂರಬೇಕು. ಹಾಗೆ ನಡುಮನೆಯಲ್ಲಿ ಕೂತು ಊದುತ್ತಿದ್ದಾಗ ಅರುಣ್‌ಕುಮಾರ್ ಒಂದು ದಿನ ಗೇಟಿನ ಹತ್ತಿರ ಬಂದು ನಿಂತರು. ಲೇಔಟಿನ ಸಂಘಕ್ಕೆ ಅಧ್ಯಕ್ಷರು, ಸೈಟು ಮಾರುವ ವ್ಯವಹಾರ. ಮನೆಯಲ್ಲಿ ವಯಸ್ಸಾದ ತಾಯಿ ಇದ್ದಾರೆ, ನಿದ್ದೆ ಕೆಡುತ್ತದೆ, ಏನಾದರೂ ಮಾಡಿ ಮೇಡಂ ಎಂದು ಮೆತ್ತಗೆ ಕೇಳಿದರು. ನಾದಸ್ವರದ ದನಿ ಬಯಲಿಗೆಂದು ಹುಟ್ಟಿದ್ದು. ಮೂವತ್ತಡಿ ರಸ್ತೆಯ ಆಚೆ ಮಲಗಿದವರಿಗೆ ಅದು ಕಿವಿಯೊಳಗೇ ಊದಿದ ಹಾಗಿರುತ್ತದೆಂದು ಅವಳಿಗೆ ಗೊತ್ತಿತ್ತು. ಕ್ಷಮೆ ಕೇಳಿದಳು, ವ್ಯವಸ್ಥೆ ಮಾಡಿಕೊಳ್ಳುವ ತನಕ ಊದುವುದಿಲ್ಲ ಎಂದು ಮಾತು ಕೊಟ್ಟಳು. ಅವರ ಮಗ ದಿನಾ ಬೆಳಿಗ್ಗೆ ಸೈಲೆನ್ಸರ್ ಬದಲಾಯಿಸಿದ ಬುಲೆಟ್ಟನ್ನು ಗುಡುಗಿಸಿಕೊಂಡು ಜಿಮ್ಮಿಗೆ ಹೊರಡುತ್ತಿದ್ದ. ಆ ವಿಷಯ ಅವಳ ನಾಲಿಗೆ ತುದಿಗೆ ಬಂದರೂ ನುಂಗಿಕೊಂಡಳು.

ಮಹಡಿಯ ಮೇಲೆ, ನೀರಿನ ಟ್ಯಾಂಕಿನ ಪಕ್ಕ, ಒಂದು ಸಣ್ಣ ಕೋಣೆಯಿತ್ತು. ಮನೆ ಕಟ್ಟಿದಾಗ ಉಳಿದ ಟೈಲ್ಸು, ಪೇಂಟಿನ ಡಬ್ಬಗಳು ತುಂಬಿದ್ದವು. ಅದನ್ನೇ ಅಭ್ಯಾಸದ ಕೋಣೆ ಮಾಡುವುದೆಂದು ತೀರ್ಮಾನವಾಯಿತು. ಮೊಟ್ಟೆಯ ಟ್ರೇಗಳನ್ನು ಗೋಡೆಗೆ ಅಂಟಿಸಿದರೆ ಸಾಕು, ಮೊಬೈಲಿನಲ್ಲಿ ನೋಡಿದ್ದೀನಿ ಎಂದ ಚಂದ್ರು. ಅದರಿಂದ ಒಳಗಿನ ಪ್ರತಿಧ್ವನಿ ಕಡಿಮೆಯಾಗುತ್ತದೆಯೇ ಹೊರತು ಹೊರಗೆ ಹೋಗುವ ಸದ್ದು ನಿಲ್ಲುವುದಿಲ್ಲವೆಂದು ಅವಳು ಹೇಳಿದಳು. ಗೋಡೆ ದಪ್ಪವಾಗಬೇಕು, ಸಂದುಗಳು ಮುಚ್ಚಬೇಕು.

ಪೇಟೆಯಲ್ಲಿ ಹಾಸಿಗೆ ಅಂಗಡಿ ಇಟ್ಟಿದ್ದ ಮಹಮ್ಮದ್ ಇಸ್ಮಾಯಿಲ್ ಸಾಹೇಬರಿಗೆ ಹೇಳಿ ಗೋಡೆಯಷ್ಟು ಎತ್ತರದ ಹಾಸಿಗೆಗಳನ್ನು ಮಾಡಿಸಿದಳು. ಹತ್ತಿಯನ್ನು ಗಟ್ಟಿಯಾಗಿ ತುಂಬಿ, ಜಾರದ ಹಾಗೆ ಒತ್ತೊತ್ತಾಗಿ ಹೊಲಿದ ಹಾಸಿಗೆಗಳು. ಅವರು ಕೋಣೆಯ ಮಧ್ಯ ನಿಂತು ಸುತ್ತ ನೋಡಿ, ಮಲಗೋಕೆ ಹಾಸಿಗೆ ಮಾಡಿಕೊಟ್ಟಿದ್ದೀನಿ, ನಿಲ್ಲೋ ಹಾಸಿಗೆ ಇದೇ ಮೊದಲು ಎಂದು ನಕ್ಕರು. ಗೋಡೆಗೂ ಹಾಸಿಗೆಗೂ ನಡುವೆ ಮರದ ಪಟ್ಟಿ ಕೊಟ್ಟು ಗಾಳಿಗೆ ಜಾಗ ಬಿಟ್ಟರು. ಬಾಗಿಲಿನ ಒಳಗೆ ಇನ್ನೊಂದು ಬಾಗಿಲು ಬಂತು. ರಸ್ತೆಯ ಕಡೆಗಿದ್ದ ಕಿಟಕಿಗೆ ಬೇಕಾದಾಗ ತೆಗೆಯುವಂಥ ದಪ್ಪ ಹಲಗೆ ಕೂತಿತು. ನೆಲಕ್ಕೆ ತೆಂಗಿನ ನಾರಿನ ಹಾಸು, ಅದರ ಮೇಲೆ ಜಮಖಾನ. ಮೂಲೆಯಲ್ಲಿ ಶ್ರುತಿಪೆಟ್ಟಿಗೆ. ದೊಡ್ಡಪ್ಪನ ಫೋಟೊ ಹಾಕಲು ಗೋಡೆಯೇ ಉಳಿದಿರಲಿಲ್ಲ. ರಾಮಚಂದ್ರಪ್ಪ ಅದನ್ನು ಬಾಗಿಲ ಮೇಲೆ ತೂಗುಹಾಕಿದರು.

ಕೆಲಸ ನಡೆಯುವಾಗ ಅವಳು ಮಾತಿಗೆ ತಪ್ಪಲಿಲ್ಲ. ತುಟಿಯ ಬಿಗಿ ಸಡಿಲವಾಗುತ್ತಿದೆಯೆಂಬ ಹೆದರಿಕೆಗೆ ಬಾಯಿಗಿಡುವ ಪೀಪಿಯನ್ನಷ್ಟೇ ಕಚ್ಚಿಕೊಂಡು ಅಡುಗೆಮನೆಯಲ್ಲಿ ಓಡಾಡುತ್ತಿದ್ದಳು. ಅಪ್ಪ ದಿಂಬಿನ ಮೇಲೆ ಬೆರಳು ಆಡಿಸಿಕೊಂಡಿದ್ದರು.

ಕೋಣೆ ಮುಗಿದ ದಿನ ಅಪ್ಪನನ್ನು ಒಳಗೆ ಕೂರಿಸಿ, ಕೈ ನೋಯುವ ತನಕ ಬಾರಿಸಪ್ಪ ಎಂದು ಹೇಳಿ ಅವಳು ಕೆಳಗಿಳಿದು ರಸ್ತೆ ದಾಟಿದಳು. ಅರುಣ್‌ಕುಮಾರರ ಗೇಟಿನ ಹತ್ತಿರ ನಿಂತು ಕಿವಿಗೊಟ್ಟಳು. ಯಾರದೋ ಮನೆಯ ಮಿಕ್ಸಿ ಕೇಳಿಸಿತು, ದೂರದ ಲಾರಿ ಹಾರನ್ನು ಕೇಳಿಸಿತು. ಡೋಲು ಕೇಳಿಸಲಿಲ್ಲ. ಖುಷಿ ತಡೆಯಲಾಗದೆ ಬೆಲ್ ಒತ್ತಿ ಅರುಣ್‌ಕುಮಾರರನ್ನೇ ಹೊರಗೆ ಕರೆದಳು. ಅವರೂ ಸ್ವಲ್ಪ ಹೊತ್ತು ನಿಂತು ಕೇಳಿ, ಏನೂ ಬರ್ತಾ ಇಲ್ಲ, ಚೆನ್ನಾಗಿ ಮಾಡಿಸಿದ್ದೀರ ಎಂದು ಒಳಗೆ ಹೋದರು. ಮಾರನೆಯ ಬೆಳಿಗ್ಗೆಯಿಂದ ಅವಳು ಮತ್ತೆ ಕೂತಳು. ಆ ಕೋಣೆಯಲ್ಲಿ ಸೆಕೆ ಜಾಸ್ತಿ, ಅಭ್ಯಾಸ ಮುಗಿಯುವ ಹೊತ್ತಿಗೆ ಸೀರೆಯ ಬೆನ್ನೆಲ್ಲ ಒದ್ದೆಯಾಗಿರುತ್ತಿತ್ತು. ಆದರೂ ಮದುವೆಯಾದ ಮೇಲೆ ಇಷ್ಟು ನೆಮ್ಮದಿಯಾಗಿ ಊದಿದ್ದೇ ಇಲ್ಲ ಅನ್ನಿಸಿತು.

ಎರಡು ವಾರ ಕಳೆದಿರಬಹುದು. ಒಂದು ಭಾನುವಾರ ಬೆಳಿಗ್ಗೆ ಅರುಣ್‌ಕುಮಾರ್ ಸಂಘದ ಇನ್ನಿಬ್ಬರನ್ನು ಕರೆದುಕೊಂಡು ಬಂದರು. ಶ್ರೀವಾಣಿ ಕುರ್ಚಿ ಹಾಕಿ ಕಾಫಿ ಕೊಟ್ಟಳು. ರಾಮಚಂದ್ರಪ್ಪ ಎದ್ದು ನಿಂತವರು ಕೂರಲೇ ಇಲ್ಲ. ಮಹಡಿಯ ಕೋಣೆಯ ವಿಷಯ ಸಂಘದಲ್ಲಿ ಚರ್ಚೆಗೆ ಬಂದಿದೆ ಎಂದು ಅರುಣ್‌ಕುಮಾರ್ ಶುರು ಮಾಡಿದರು.

"ಶಬ್ದ ಬರ್ತಾ ಇದೆಯಾ ಸಾರ್?" ಎಂದಳು ಅವಳು ಗಾಬರಿಯಿಂದ.

"ಶಬ್ದದ ಪ್ರಶ್ನೆ ಅಲ್ಲ ಮೇಡಂ."

ಮತ್ತೆ ಯಾವುದರ ಪ್ರಶ್ನೆ ಎಂಬುದನ್ನು ಅವರು ಸುತ್ತಿ ಬಳಸಿ ಹೇಳಿದರು. ವಾಲಗ ಒಪ್ಪಿಸಲು ತಾಂಬೂಲ ಹಿಡಿದುಕೊಂಡು ಹಳ್ಳಿಗಳ ಕಡೆಯಿಂದ ಜನ ಬರುತ್ತಾರೆ, ಮೆಟ್ಟಿಲ ಮೇಲೆ ಕೂತಿರುತ್ತಾರೆ. ಬಸ್‌ಸ್ಟಾಪಿನ ಆಟೋದವರಿಗೆಲ್ಲ ಈ ಮನೆ ಗುರುತಾಗಿಬಿಟ್ಟಿದೆ. ಮೊನ್ನೆ ತಮ್ಮ ಮಗಳನ್ನು ನೋಡಲು ಬೆಂಗಳೂರಿನ ಕಡೆಯವರು ಬಂದಿದ್ದರು. ಆಟೋದವನಿಗೆ ಅಧ್ಯಕ್ಷರ ಮನೆ ಅಂದರೆ ತಿಳಿಯಲಿಲ್ಲವಂತೆ. ಯಾವುದು, ವಾಲಗದವರ ಮನೆ ಎದುರಿಗಿರೋದಾ ಎಂದು ಅವರನ್ನೇ ಕೇಳಿದನಂತೆ.

"ಅವರು ಬಂದು ಕೂತ್ಕೊಂಡು ಅದನ್ನೇ ಹೇಳಿ ನಕ್ಕರು. ನನಗೆ ಹೇಗಾಗಿರಬೇಕು ಹೇಳಿ. ಒಳ್ಳೊಳ್ಳೆ ಜನ ಸೈಟ್ ತಗೊಂಡಿರೋ ಜಾಗ ಇದು. ನೀವು ಟೀಚರು, ನಿಮ್ಮ ಬಗ್ಗೆ ನಮಗೆ ಗೌರವ ಇದೆ. ಆ ಕಸುಬನ್ನ ಮಾತ್ರ ಊರಲ್ಲೇ ಇಟ್ಕೊಳ್ಳಿ ಅಂತ ಕೇಳ್ತಾ ಇದೀವಿ, ಅಷ್ಟೇ."

ಶ್ರೀವಾಣಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಕಿವಿ ಬಿಸಿಯಾಯಿತು. ಅವಳು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಎರಡು ಹೆಜ್ಜೆ ಮುಂದೆ ಬಂದು ಕೈ ಜೋಡಿಸಿದರು.

"ತಪ್ಪಾಯ್ತು ಸ್ವಾಮಿ. ಇನ್ಮೇಲೆ ಯಾರನ್ನೂ ಇಲ್ಲಿಗೆ ಬರಬೇಡಿ ಅಂತೀನಿ. ನಾನೂ ಊರಿಗೆ ಹೋಗ್ತೀನಿ."

ಮೂವರ ಮುಖದಲ್ಲೂ ಸಮಾಧಾನ ಕಾಣಿಸಿತು. ಅದನ್ನು ನೋಡಿದಾಗ ಅವಳ ಮೈಯೆಲ್ಲ ಉರಿಯಿತು. ಕೈ ಮುಗಿದ ಅಪ್ಪ ಮಗಳ ಮನೆಯಲ್ಲಿ, ಮಗಳೇ ಹಾಕಿದ ಕುರ್ಚಿಗಳ ಮುಂದೆ ನಿಂತಿದ್ದರು. ಕೂತಿದ್ದವರು ಬೇರೆಯವರು.

"ಅಪ್ಪ, ಕೈ ಇಳಿಸು," ಎಂದಳು. ಆಮೇಲೆ ಅರುಣ್‌ಕುಮಾರರ ಕಡೆ ತಿರುಗಿದಳು. ಅವಳ ದನಿ ಏರಲಿಲ್ಲ. ಕ್ಲಾಸಿನಲ್ಲಿ ತುಂಬ ಸಿಟ್ಟು ಬಂದಾಗಲೂ ಅದು ಏರುತ್ತಿರಲಿಲ್ಲ.

"ನಿದ್ದೆ ಕೆಡುತ್ತೆ ಅಂದ್ರಿ ಸಾರ್, ನಾನು ಊದೋದೇ ನಿಲ್ಲಿಸ್ದೆ. ಸದ್ದು ಹೊರಗೆ ಬರದ ಹಾಗೆ ಕೋಣೆ ಮಾಡಿಸ್ದೆ. ಒಳಗೆ ಬೆವರು ಸುರಿಸ್ಕೊಂಡು ಕೂತ್ಕೊಂಡೆ. ನೀವೇ ಬಂದು ಕೇಳಿ ನೋಡಿದ್ರಿ. ಈಗ ನಾವು ಇಲ್ಲಿರೋದು ಗೊತ್ತಾಗ್ತಾ ಇದೆ ಅಂತೀರ. ಅದಕ್ಕೆ ನಾನು ಎಷ್ಟು ಹತ್ತಿ ತುಂಬಿಸಲಿ?"

ಹಾಗಲ್ಲ ಮೇಡಂ ಎಂದು ಒಬ್ಬರು ಶುರು ಮಾಡಿದರು. ಅವಳು ಬಿಡಲಿಲ್ಲ.

"ಮಲಗಿರೋರನ್ನ ಎಬ್ಬಿಸಬಾರದು, ಅದು ನನಗೂ ಗೊತ್ತು. ಬೆಳಿಗ್ಗೆ ಮುಚ್ಕೊಂಡೇ ಊದ್ತೀನಿ. ಸಂಜೆ ಸ್ಕೂಲಿಂದ ಬಂದ್ಮೇಲೆ ಮಾತ್ರ ಕಿಟಕಿ ತೆಗೆದೇ ಊದ್ತೀನಿ. ಇದು ನಮ್ಮ ಮನೆ. ಬರೋರು ನಮ್ಮ ಮನೆಗೆ ಬರ್ತಾರೆ, ನಮ್ಮ ಮೆಟ್ಟಿಲ ಮೇಲೆ ಕೂತ್ಕೋತಾರೆ. ಕಾಫಿ ಕುಡೀರಿ, ಆರ್ತಾ ಇದೆ."

ಕಾಫಿ ಯಾರೂ ಕುಡಿಯಲಿಲ್ಲ.

ಅವರು ಹೋದ ಮೇಲೆ ಅವಳ ಕೋಪವೆಲ್ಲ ಅಪ್ಪನ ಮೇಲೆ ತಿರುಗಿತು. ಏನು ತಪ್ಪು ಮಾಡಿದ್ದೀಯ ಅಂತ ತಪ್ಪಾಯ್ತು ಅಂದೆ ಎಂದು ಕೇಳಿದಳು. ರಾಮಚಂದ್ರಪ್ಪ ಆಗಲೇ ಡೋಲಿಗೆ ಬಟ್ಟೆಯ ಗವಸು ಹಾಕುತ್ತಿದ್ದರು.

"ಮನಕೆಂದುಕು ತಲ್ಲೀ, ನಮಗ್ಯಾಕೆ ಅವರ ಸಹವಾಸ. ಛತ್ರದಲ್ಲಿ ಎಷ್ಟು ಸಲ ಕೊನೇ ಪಂಕ್ತಿ ತನಕ ಕಾದಿಲ್ಲ ನಾನು. ಊಟ ಮುಗೀತು ಹೋಗ್ರಯ್ಯ ಅಂದ್ರೂ ಕೈ ಮುಗಿದೇ ಬಂದಿದ್ದೀನಿ. ಕೈಗೆ ಅಭ್ಯಾಸ ಆಗಿದೆ."

ಇದನ್ನು ಅವರು ಬೇಜಾರಿನಿಂದ ಹೇಳಲಿಲ್ಲ. ಬಸ್ಸು ತಪ್ಪಿಹೋದ ವಿಷಯ ಹೇಳುವ ಹಾಗೆ ಹೇಳಿದರು. ಶ್ರೀವಾಣಿ ಅವರ ಕೈಯಿಂದ ಗವಸು ಕಿತ್ತುಕೊಂಡು ಹೊರಗೆ ಬಂದಳು. ಆಮೇಲೆ ಅದನ್ನು ಏನು ಮಾಡಬೇಕೆಂದು ತಿಳಿಯದೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹಾಕಿ ತಿಕ್ಕಿ ತಿಕ್ಕಿ ಒಗೆದಳು. ಪಾಳಿ ಮುಗಿಸಿ ಬಂದ ಚಂದ್ರು ಎಲ್ಲವನ್ನೂ ಕೇಳಿ, ಹೊಸ ಜಾಗ, ನಾಳೆ ಏನಾದರೂ ಆದರೆ ಅವರೇ ಬೇಕು, ಸ್ವಲ್ಪ ದಿನ ಸುಮ್ಮನಿರೋಣ ಎಂದ. ಅವನ ಜೊತೆ ಅವಳು ಎರಡು ದಿನ ಮಾತು ಬಿಟ್ಟಳು.

ಸೋಮವಾರ ಸಂಜೆ ಸ್ಕೂಲಿನಿಂದ ಬಂದು ಮುಖ ತೊಳೆದು ಮಹಡಿ ಹತ್ತಿದಳು. ಕಿಟಕಿಯ ಹಲಗೆ ಬಿಗಿಯಾಗಿ ಕೂತಿತ್ತು, ಒಬ್ಬಳೇ ಎಳೆದು ಬಿಚ್ಚುವಾಗ ಉಗುರು ಮುರಿಯಿತು. ಬಿಸಿಲಿನ್ನೂ ಇತ್ತು. ರಸ್ತೆಯಲ್ಲಿ ಮಕ್ಕಳು ಶಟಲ್ ಆಡುತ್ತಿದ್ದರು. ಅವಳು ಊದತೊಡಗಿದಾಗ ಮಕ್ಕಳು ಆಟ ನಿಲ್ಲಿಸಿ ಮೇಲೆ ನೋಡಿದರು. ಮೂಲೆಮನೆಯ ರಾಮಲಕ್ಷ್ಮಮ್ಮ ದಡಾರನೆ ಕಿಟಕಿ ಮುಚ್ಚಿಕೊಂಡರು. ಅಪ್ಪ ಮೇಲಕ್ಕೆ ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಡೋಲಿಲ್ಲದ ನಾದಸ್ವರ ಒಂಟಿಯಾಗಿ ಬೀದಿ ತುಂಬ ಓಡಾಡಿ ಬಂತು.

ಬುಧವಾರ ಅವಳು ಆಲಾಪನೆಯ ಮಧ್ಯದಲ್ಲಿದ್ದಾಗ ಗೇಟಿನ ಸದ್ದಾಯಿತು. ಇಣುಕಿದರೆ ಪೊಲೀಸ್ ಬೈಕು. ಅವಳು ನಾದಸ್ವರ ಕೈಯಲ್ಲಿ ಹಿಡಿದುಕೊಂಡೇ ಇಳಿದಳು. ಅಷ್ಟರಲ್ಲಿ ಅಪ್ಪ ಬಾಗಿಲು ತೆಗೆದಿದ್ದರು. ನಡುವಯಸ್ಸಿನ ಕಾನ್‌ಸ್ಟೇಬಲ್ಲೊಬ್ಬರು ಹೊಸ್ತಿಲ ಆಚೆ ನಿಂತಿದ್ದರು. ಎದುರುಮನೆಯ ಗೇಟಿಗೆ ಒರಗಿಕೊಂಡು ಅರುಣ್‌ಕುಮಾರ್ ನೋಡುತ್ತಿದ್ದರು.

"ಲೌಡ್‌ಸ್ಪೀಕರ್ ಹಾಕಿ ತೊಂದರೆ ಕೊಡ್ತಾರೆ ಅಂತ ಕಂಪ್ಲೇಂಟ್ ಬಂದಿದೆ. ಯಾರು ಬಾರಿಸೋರು, ನೀವೇನಾ?" ಎಂದು ಕಾನ್‌ಸ್ಟೇಬಲ್ ಅಪ್ಪನನ್ನು ಕೇಳಿದರು.

ರಾಮಚಂದ್ರಪ್ಪನವರ ಕೈಗಳು ಎದೆಯ ತನಕ ಬಂದವು. ಹಿಂದೆ ನಿಂತಿದ್ದ ಶ್ರೀವಾಣಿಗೆ ಅದು ಕಾಣಿಸಿತು. ಆದರೆ ಅವರು ಎದುರುಮನೆಯ ಕಡೆ ಒಮ್ಮೆ ನೋಡಿದರು, ಆಮೇಲೆ ಒಂದು ಕೈಯಿಂದ ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಡೋಲು ಬಾರಿಸೋನು ನಾನೇ. ಊದೋಳು ನನ್ನ ಮಗಳು. ಇದು ಅವಳ ಮನೆ. ಸ್ಪೀಕರ್ ಗೀಕರ್ ನಮ್ಮಲ್ಲಿಲ್ಲ, ಒಳಗೆ ಬಂದು ನೋಡಿ."

ಕಾನ್‌ಸ್ಟೇಬಲ್ ಬೂಟು ಬಿಚ್ಚಿ ಮಹಡಿ ಹತ್ತಿದರು. ಹಾಸಿಗೆಯ ಗೋಡೆಗಳನ್ನು ಮುಟ್ಟಿ ನೋಡಿದರು, ಇದೆಲ್ಲ ಯಾಕೆ ಮಾಡಿಸಿದ್ದು ಎಂದು ಕೇಳಿದರು. ಅವಳು ಹೇಳಿದಳು. ಅವರು ಹೊರಗಿನ ಬಿಸಿಲನ್ನೂ ತಮ್ಮ ವಾಚನ್ನೂ ನೋಡಿಕೊಂಡು, ಹೊತ್ತು ಮುಳುಗಿದ ಮೇಲೆ ಬೇಡಮ್ಮ, ಈ ಹೊತ್ತಿಗೆ ನಾನೇನೂ ಹೇಳೋಕಾಗಲ್ಲ ಎಂದರು. ಇಳಿದು ಹೋಗಿ ರಸ್ತೆಯಾಚೆ ಅರುಣ್‌ಕುಮಾರರ ಹತ್ತಿರ ಏನೋ ಮಾತಾಡಿದರು. ಮೇಲಿನಿಂದ ಅದು ಕೇಳಿಸಲಿಲ್ಲ. ಅರುಣ್‌ಕುಮಾರ್ ಕೈ ಬೀಸಿಕೊಂಡು ಜೋರಾಗಿ ಏನೇನೋ ಹೇಳಿ ಒಳಗೆ ಹೋದರು. ಬಾಗಿಲು ಹಾಕಿದ್ದು ಮಾತ್ರ ಇಲ್ಲಿಯ ತನಕ ಕೇಳಿಸಿತು.

ಅದರಿಂದ ಎಲ್ಲ ಸರಿಹೋಯಿತೆಂದಲ್ಲ. ಯುಗಾದಿಗೆ ಸಂಘದವರು ಮನೆಮನೆಗೆ ಹಂಚಿದ ಬೇವು ಬೆಲ್ಲ ಇವರ ಗೇಟು ದಾಟಲಿಲ್ಲ. ಅರುಣ್‌ಕುಮಾರ್ ಎದುರಿಗೆ ಸಿಕ್ಕರೆ ಮೊಬೈಲ್ ನೋಡಿಕೊಂಡು ಹೋಗುತ್ತಾರೆ. ಅವಳೂ ನಮಸ್ಕಾರ ಅನ್ನುವುದನ್ನು ಬಿಟ್ಟಿದ್ದಾಳೆ. ನೆನೆಸಿಕೊಂಡರೆ ಇವತ್ತಿಗೂ ಅವಳಿಗೆ ರೋಷ ಉಕ್ಕುತ್ತದೆ. ಒಂದು ತಿಂಗಳು ತುಟಿ ಮುಚ್ಚಿಕೊಂಡು ಅವರ ನಿದ್ದೆ ಕಾಯ್ದದ್ದು ಸುಮ್ಮನೆ ಹೋಯಿತಲ್ಲ ಎಂದು ಬಸ್ಸಿನಲ್ಲಿ ಕೂತಾಗ, ಪಾಠ ಮಾಡುವಾಗ ಥಟ್ಟನೆ ಅನ್ನಿಸುತ್ತದೆ.

ಆ ಬುಧವಾರ, ಪೊಲೀಸ್ ಬೈಕು ತಿರುವು ದಾಟಿದ ಮೇಲೆ ಅವಳು ಮತ್ತೆ ಊದಲು ಕೂತಳು. ಮೆಟ್ಟಿಲ ಮೇಲೆ ನಿಧಾನವಾದ ಹೆಜ್ಜೆ ಕೇಳಿಸಿತು. ಅಪ್ಪ ಡೋಲನ್ನು ಎದೆಗವಚಿಕೊಂಡು ಬಂದು ಜಮಖಾನದ ಮೇಲೆ ಕೂತರು. ಬೆರಳಿಗೆ ಕವಚ ಒಂದೊಂದೇ ಏರಿಸಿಕೊಂಡು ಕಣ್ಣು ಮುಚ್ಚಿ ಕೇಳಿದರು. ಬಾರಿಸಲಿಲ್ಲ.

"ನಿಲ್ಸು. ಷಡ್ಜ ಏರ್ತಾ ಇದೆ," ಎಂದರು.

"ಕೋಪ ಬಂದಿದೆಯಪ್ಪ ನನಗೆ."

"ನನಗೂ ಬಂದಿದೆ. ಅದಕ್ಕೆ ಶ್ರುತಿ ಬಿಡೋದಾ? ಉಸಿರು ಕೆಳಗಿಂದ ತಗೋ."

ಅವಳು ನೀರು ಕುಡಿದು ಪೀಪಿಯನ್ನು ಒದ್ದೆ ಮಾಡಿಕೊಂಡಳು. ಶ್ರುತಿಪೆಟ್ಟಿಗೆ ಒಂದೇ ಸಮನೆ ಗುಂಯ್ ಅನ್ನುತ್ತಿತ್ತು. ಎರಡನೆಯ ಸಲವೂ ಅಪ್ಪ ತಲೆಯಾಡಿಸಿ ಬೇಡವೆಂದರು. ಮೂರನೆಯ ಸಲ ಷಡ್ಜ ತನ್ನ ಜಾಗದಲ್ಲಿ ಬಂದು ನಿಂತಿತು, ರಾಮಚಂದ್ರಪ್ಪ ಡೋಲಿನ ಮೇಲೆ ಕೈ ಹಾಕಿದರು.