ಪಕ್ಕಾ ಕೆಂಪು

ನಲವತ್ತಮೂರನೆಯ ವಯಸ್ಸಿನಲ್ಲಿ ಕಸ್ತೂರಬಾಯಿಗೆ ಈಜುವ ಹುಚ್ಚು ಮತ್ತೆ ಹತ್ತಿದ್ದು ಡಾಕ್ಟರರಿಂದ. ಮೊಣಕಾಲು ನೋವಿಗೆ ಎಣ್ಣೆ, ಲೇಪ, ಗುಳಿಗೆ ಎಲ್ಲ ಮುಗಿದ ಮೇಲೆ ಅವರು, "ನೀರಾಗ ಕಾಲು ಆಡಸ್ರಿ ಬಾಯಾರ. ಊರ ಈಜೂ ಟ್ಯಾಂಕಿನಾಗ ಬುಧವಾರ, ಶನಿವಾರ ಮಧ್ಯಾಹ್ನ ಬರೇ ಹೆಂಗಸರಿಗಂತ ಒಂದ ತಾಸು ಚಾಲೂ ಮಾಡ್ಯಾರ," ಅಂದಿದ್ದರು. ಅದು ಎಪ್ಪತ್ತಾರರ ಬೇಸಗೆ. ಸೊಲ್ಲಾಪುರದ ಬಿಸಿಲಿಗೆ ಕಾಗೆಗಳೂ ಬಾಯಿ ತೆರೆದುಕೊಂಡು ಕೂಡುವ ಕಾಲ. ಡಾಕ್ಟರರು ಹೇಳಿದ್ದು ಕಾಲಿಗೆ, ಹೋಗಿ ನಾಟಿದ್ದು ಎದೆಗೆ.

ಅಕ್ಕಲಕೋಟದ ತವರಿನ ತೋಟದಲ್ಲಿ ಒಂದು ಬಾವಿಯಿತ್ತು. ಏಳು ವರ್ಷದವಳಿದ್ದಾಗ ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಂಡು ಅವಳು ಅದರಲ್ಲಿ ಈಜು ಕಲಿತಿದ್ದಳು. ಒಂಬತ್ತಕ್ಕೆ ಬುರುಡೆ ಬಿಚ್ಚಿ ಎಸೆದಳು. ಹನ್ನೆರಡಕ್ಕೆ ದೊಡ್ಡವಳಾದಳು, ಅವತ್ತಿಗೆ ಬಾವಿ ಬಂದಾಯಿತು. ಯಾರೂ ಬೈಯಲಿಲ್ಲ. ಅವ್ವ ಒಂದೇ ಮಾತು, "ಇನ್ನ ಸಾಕು" ಅಂದಳು. ಆ ಸಾಕು ಮೂವತ್ತೊಂದು ವರ್ಷ ನಡೆಯಿತು. ಆಮೇಲೆ ಅವಳ ಪಾಲಿಗೆ ನೀರು ಎಂದರೆ ಬಚ್ಚಲಿನ ತಾಮ್ರದ ಹಂಡೆ, ಅಷ್ಟೆ.

ಗಂಡ ಮಲಕಾಜಪ್ಪನದು ಪೇಟೆಯಲ್ಲಿ ಬಟ್ಟೆ ಅಂಗಡಿ. ಅಜ್ಜನ ಕಾಲದ್ದು. ಗಿರಾಕಿ ಅನುಮಾನ ತೋರಿಸಿದರೆ ಸಾಕು, ಅಜ್ಜ ಬಟ್ಟೆಯ ಸೆರಗನ್ನು ತಂಬಿಗೆ ನೀರಿನಲ್ಲಿ ಅದ್ದಿ ತಾನು ಉಟ್ಟ ಬಿಳಿ ಧೋತರದ ಮೇಲೆಯೇ ಹಿಂಡಿ ತೋರಿಸುತ್ತಿದ್ದನಂತೆ. ಅಪ್ಪನೂ ಹಾಗೆಯೇ ಮಾಡಿದ, ಮಲಕಾಜಪ್ಪನೂ ಮಾಡುತ್ತಾನೆ. ಮೂರು ತಲೆಮಾರಿನಿಂದ ಆ ಮನೆಯ ಧೋತರಕ್ಕೆ ಕಲೆ ಬಿದ್ದಿಲ್ಲ. ಮಂದ್ರೂಪ, ವಳಸಂಗದ ಜನ ಲಗ್ನದ ಬಟ್ಟೆಗೆ ಬಸ್ಸು ಹತ್ತಿ ಬಂದು ನೇರವಾಗಿ ಈ ಅಂಗಡಿಯ ಗಾದಿಯ ಮೇಲೆ ಕೂಡುವುದು ಆ ಧೋತರವನ್ನು ನಂಬಿ.

ಮಲಕಾಜಪ್ಪ ಒಳ್ಳೆಯ ಗಂಡ. ಬೈದವನಲ್ಲ, ಹೊಡೆದವನಲ್ಲ. ಒಳ್ಳೆಯವರ ಕೈಗೆ ಸಿಕ್ಕವರ ಗೋಳು ಯಾರ ಕಿವಿಗೂ ಬೀಳುವುದಿಲ್ಲ ಎನ್ನುವುದು ಬೇರೆ ಮಾತು. ಹೆಂಡತಿ ಅಳುಕುತ್ತಾ ಟ್ಯಾಂಕಿನ ಸುದ್ದಿ ತೆಗೆದಾಗ ಅವನು, "ಹೋಗ ನೀ. ಕಾಲು ನೆಟ್ಟಗಾಗಲಿ," ಅಂದ. ಅವಳಿಗೆ ಅವತ್ತು ಊಟ ಸೇರಲಿಲ್ಲ, ಅಷ್ಟು ಸಂತೋಷ.

ಮೊದಲ ಬುಧವಾರ ಅವಳು ಬರೀ ನೋಡಿ ಬಂದಳು. ಸೀರೆ ಉಟ್ಟು ನೀರಿಗಿಳಿಯುವಂತಿಲ್ಲ, ಹೊಲಿಸಿದ ಉಡುಪೇ ಆಗಬೇಕು ಎಂದು ಬಾಗಿಲಲ್ಲೇ ಬರೆದಿತ್ತು. ಒಳಗೆ ಕಾಲೇಜಿನ ನಾಲ್ಕೈದು ಹುಡುಗಿಯರು, ವಕೀಲರ ಹೆಂಡತಿ ಲೀಲಾಬಾಯಿ, ಮತ್ತೆ ಒಂದಿಬ್ಬರು. ಲೀಲಾಬಾಯಿಯ ಮೈಮೇಲೆ ಮುಂಬೈಯಿಂದ ತರಿಸಿದ ನೀಲಿ ಉಡುಪು, ತೊಡೆಯಿಂದ ಕೆಳಗೆ ಏನೂ ಇಲ್ಲ. ಕಸ್ತೂರಬಾಯಿ ಕಣ್ಣು ಕೆಳಗೆ ಹಾಕಿದಳು, ಹಾಕಿ ತನ್ನ ಹೊಟ್ಟೆಯನ್ನೇ ನೋಡಿಕೊಂಡಳು. ಮೂರು ಹೆತ್ತ ಹೊಟ್ಟೆ. ಒದ್ದೆ ಬಟ್ಟೆ ಇದಕ್ಕೆ ಅಂಟಿಕೊಂಡರೆ ಹೇಗೆ ಕಂಡೀತು ಎಂದು ನೆನೆದರೇ ಬೆವರು ಬಂತು.

ಬಟ್ಟೆ ಆರಿಸಿದವನು ಮಲಕಾಜಪ್ಪನೇ. ಬಿಳಿ ಒದ್ದೆಯಾದರೆ ಇದ್ದೂ ಇಲ್ಲದ ಹಾಗೆ. ಕರಿ ಮುತ್ತೈದೆಗೆ ಬೇಡ. ಆ ವರ್ಷ ಬಂದ ದಪ್ಪ ಕೆಂಪು ಬಟ್ಟೆಯ ಹೊಸ ಸುರುಳಿಯನ್ನು ಬಿಚ್ಚಿ, "ಇದರಾಗ ಸೂರ್ಯಾನೂ ಹಾಯಂಗಿಲ್ಲ. ಬಣ್ಣ ಅಗದಿ ಪಕ್ಕಾ," ಅಂದ. ದರ್ಜಿ ಮುಂಗೈತನಕ ತೋಳು, ಮೀನಖಂಡದತನಕ ಕಾಲು ಇಟ್ಟು ಹೊಲಿದ. ತೊಟ್ಟುಕೊಂಡು ಕನ್ನಡಿ ನೋಡಿದರೆ ಮುಖ, ಅಂಗೈ ಮತ್ತು ಕಣಕಾಲು ಬಿಟ್ಟು ಏನೂ ಕಾಣುತ್ತಿರಲಿಲ್ಲ. ಕಸ್ತೂರಬಾಯಿಗೆ ಜೀವ ಬಂದಂತಾಯಿತು.

ಆದರೂ ಮುಂದಿನ ಬುಧವಾರ ಉಡುಪು ಹಾಕಿಕೊಂಡು ಬಟ್ಟೆ ಬದಲಿಸುವ ಕೋಣೆಯಲ್ಲೇ ನಿಂತುಬಿಟ್ಟಳು. ಹತ್ತು ನಿಮಿಷ ಹೋಯಿತು, ಹದಿನೈದಾಯಿತು. ಆಗ ಬಾಗಿಲಲ್ಲಿ ಇಣುಕಿದವಳು ಸುಗಲಾಬಾಯಿ. ಕಂದಲಗಾಂವದ ಕುರಿ ಸಾಕುವವರ ಮನೆಯವಳು. ಗಂಡಸರು ಒಳಗೆ ಬರದ ಹಾಗೆ ಕಾಯಲು, ಯಾರಾದರೂ ಮುಳುಗಿದರೆ ಎತ್ತಲು ಅವಳನ್ನು ಇಟ್ಟಿದ್ದರು. ಹೆಂಗಸರ ತಾಸು ಇದ್ದರೆ ಅವಳ ಕೆಲಸ, ಇಲ್ಲದಿದ್ದರೆ ಇಲ್ಲ.

"ಬರ್ರಿ ಬಾಯಾರ. ನೀರಿಗೇನ ಕಣ್ಣದಾವೇನು?"

"ನೀರಿಗಿಲ್ಲವ್ವ. ಅವರಿಗದಾವಲ್ಲ."

"ಅವರಿಗೆ ಅವರವರ ಹೊಟ್ಟಿ ಮುಚಗೊಳ್ಳೂದ ಸಾಕಾಗೇದ. ನಿಮ್ಮದ್ಯಾವಾಗ ನೋಡ್ತಾರ?"

ಕಸ್ತೂರಬಾಯಿ ನಕ್ಕಳು. ಆ ನಗುವಿನ ಬಲದ ಮೇಲೆಯೇ ಹೊರಗೆ ಬಂದು, ಯಾರ ಮುಖವನ್ನೂ ನೋಡದೆ, ಮೆಟ್ಟಿಲಿಳಿದು ನೀರಿಗೆ ಮೈ ಕೊಟ್ಟಳು.

ಕಲಿತದ್ದನ್ನು ಮೈ ಮರೆಯುವುದಿಲ್ಲ. ಎರಡು ಸಲ ಕೈ ಬೀಸಿದ್ದೇ ತಡ, ಮೂವತ್ತೊಂದು ವರ್ಷ ಎಲ್ಲೋ ಹೋದವು. ಮೊಣಕಾಲು ಇದೆಯೋ ಇಲ್ಲವೋ ತಿಳಿಯಲಿಲ್ಲ. ಈ ತುದಿಯಿಂದ ಆ ತುದಿಗೆ, ಮಧ್ಯೆ ಎಲ್ಲೂ ನಿಲ್ಲದೆ ಈಜಿದಳು. ಕಾಲೇಜಿನ ಹುಡುಗಿಯೊಬ್ಬಳು ಬಾಯಿ ತೆರೆದು ನೋಡುತ್ತಿದ್ದಳು. ಆಚೆ ತುದಿಯ ಕಬ್ಬಿಣದ ಸರಳು ಹಿಡಿದು ಉಸಿರು ತೆಗೆದುಕೊಂಡಾಗ ಅವಳಿಗೆ ಅಳುವಷ್ಟು ಸುಖವಾಗಿತ್ತು.

ತಿರುಗಿ ನೋಡಿದಳು. ಅವಳು ಬಂದ ದಾರಿಯುದ್ದಕ್ಕೂ ನೀರು ಕೆಂಪಗಾಗಿತ್ತು.

"ಅಗ ಬಾಈ, ರಕ್ತ," ಲೀಲಾಬಾಯಿಯ ಮರಾಠಿ ಜೋರಾಗಿ ಕೇಳಿಸಿತು. "ಸಗಳ್ಯಾಜಣೀ ಬಾಹೇರ ಯಾ."

ಹೊರಗೆ ಬನ್ನಿರೆಂದು ಅವಳು ಕೂಗಿದ್ದೇ ಎಲ್ಲರೂ ಮೇಲೆ ಹತ್ತಿದರು. ಒಬ್ಬಳು ಮೂಗಿಗೆ ಟವೆಲ್ ಒತ್ತಿಕೊಂಡಳು. ಕಸ್ತೂರಬಾಯಿಯೂ ಹಾಗೆಯೇ ತಿಳಿದಳು. ಒಂದು ವರ್ಷದಿಂದ ಅವಳ ತಿಂಗಳ ಲೆಕ್ಕ ತಪ್ಪಿತ್ತು. ಒಮ್ಮೆ ಬಂದರೆ ಎರಡು ತಿಂಗಳು ನಾಪತ್ತೆ. ಮೈಯೆಲ್ಲ ಕೈಯಾಗಿ ಮುಚ್ಚಿಕೊಂಡು ಕೋಣೆಗೆ ಓಡಿದಳು.

ಒಳಗೆ ಬಾಗಿಲು ಹಾಕಿಕೊಂಡು ನೋಡಿಕೊಂಡರೆ ಏನೂ ಇಲ್ಲ. ಮೊಣಕೈಯಿಂದ ಇಳಿಯುತ್ತಿದ್ದ ಹನಿ ಕೆಂಪು. ತೋಳು ಹಿಂಡಿದರೆ ಕೆಂಪು. ಅಂಗೈ, ಉಗುರು, ಎದೆಯ ಮೇಲಿನ ಲಿಂಗದ ವಸ್ತ್ರ ಎಲ್ಲ ಕೆಂಪು. ಬಣ್ಣ ಬಿಟ್ಟದ್ದು ಬಟ್ಟೆ. ಅವಳು ಗೋಡೆಗೆ ಒರಗಿ ಮನಸಾರೆ ನಕ್ಕಳು. ಹೇಳೋಣವೆಂದು ಹೊರಗೆ ಬಂದಾಗ ಎಲ್ಲರೂ ಹೊರಟುಹೋಗಿದ್ದರು. ಸುಗಲಾಬಾಯಿ ಒಬ್ಬಳೇ ನೀರಿನ ಅಂಚಿಗೆ ಕುಕ್ಕರುಗಾಲಲ್ಲಿ ಕೂತಿದ್ದಳು.

"ಇದು ರಗತ ಅಲ್ರಿ," ಅಂದಳು ಅವಳು. "ಕುರಿ ಬೆನ್ನಿಗೆ ಹಚ್ಚಿದ ಬಣ್ಣ ಹಳ್ಳದಾಗ ತೊಳೀತೀವಲ್ಲ, ಹಿಂಗ ಬಿಡತದ. ಕುರಿ ರಗತಾನೂ ನೋಡೀನಿ. ಎರಡೂ ಒಂದಲ್ಲ."

ಕಸ್ತೂರಬಾಯಿ ಒದ್ದೆ ಗಂಟು ಹೊತ್ತು ನೇರವಾಗಿ ಅಂಗಡಿಗೆ ಹೋದಳು. ಗಿರಾಕಿ ಇಲ್ಲದ ಹೊತ್ತು. ನಡೆದದ್ದನ್ನೆಲ್ಲ ಹೇಳಿದಳು. ಮಲಕಾಜಪ್ಪ ತಂಬಿಗೆ ತಂದ, ಅದೇ ಸುರುಳಿಯ ತುದಿಯನ್ನು ಅದ್ದಿ ತನ್ನ ಧೋತರದ ಮೇಲೆ ಹಿಂಡಿದ. ಬಿಳುಪು ಬಿಳುಪಾಗಿಯೇ ಇತ್ತು. ಮತ್ತೊಮ್ಮೆ ಹಿಂಡಿದ. ಕಲೆಯಿಲ್ಲ. ಆಮೇಲೆ ಗಂಟು ಬಿಚ್ಚಿ ಉಡುಪನ್ನು ಬೆಳಕಿಗೆ ಹಿಡಿದ. ತೋಳಿನ ಮೇಲೆ ಹಸ್ತದಗಲ ಬಣ್ಣ ಹೋಗಿ ಗುಲಾಬಿಯಾಗಿತ್ತು.

"ಸಾದಾ ನೀರಿಗೆ ಬಿಡಂಗಿಲ್ಲ," ಅಂದ ನಿಧಾನಕ್ಕೆ. "ಅಲ್ಲಿ ನೀರಾಗ ಔಷಧ ಹಾಕ್ತಾರ, ಅದಕ್ಕ ಬಿಟ್ಟದ. ನೀ ಹೇಳೂದು ಖರೆ."

ಅವಳಿಗೆ ನೆತ್ತಿಯ ಮೇಲಿನ ಭಾರ ಇಳಿದ ಹಾಗಾಯಿತು. ಆದರೆ ಅವನ ಮಾತು ಮುಗಿದಿರಲಿಲ್ಲ.

"ಆದ್ರ ಇದನ್ನ ಹೊರಗ ಹೇಳಬ್ಯಾಡ. ಲಗ್ನದ ಹಂಗಾಮು. ಇದ ಕೆಂಪು ಅರ್ಧ ವಳಸಂಗಕ್ಕ ಕೊಟ್ಟೀನಿ. ಔಷಧ ಪೌಷಧ ಯಾರೂ ಕೇಳಂಗಿಲ್ಲ, ಮಲಕಾಜಪ್ಪನ ಬಟ್ಟಿ ಬಣ್ಣ ಬಿಡತು ಅಂತಾರ. ಅಡಕಿಗೆ ಹೋದ ಮಾನ ಆನಿ ಕೊಟ್ರೂ ಬರಂಗಿಲ್ಲ."

"ನನ್ನ ಮಾನ?"

"ನಿಂದು ಹೆಂಗಸರ ಮಾತು. ಎಂಟ ದಿನ ಆಡ್ತಾರ, ಬಿಡ್ತಾರ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯಿತ್ತು. "ಇಷ್ಟ ವರ್ಷದಾಗ ನಾ ಏನರೆ ಕೇಳೀನೇನು ನಿನ್ನ?"

ಕೇಳಿರಲಿಲ್ಲ, ಅದೂ ನಿಜವೇ. ಬೈದಿದ್ದರೆ ಅವಳಾದರೂ ತಿರುಗಿ ಬೀಳುತ್ತಿದ್ದಳೋ ಏನೋ. ಅವನು ಉಡುಪನ್ನು ಮಡಿಚಿ, ಕಾಗದ ಸುತ್ತಿ, ಅಂಗಡಿಯ ಕಬ್ಬಿಣದ ಕಪಾಟಿನಲ್ಲಿಟ್ಟು ಕೀಲಿ ಹಾಕಿದ. ಕಸ್ತೂರಬಾಯಿ ಆ ಕೀಲಿ ತಿರುಗುವುದನ್ನು ನೋಡಿದಳು.

ಶನಿವಾರ ಟ್ಯಾಂಕಿನ ಬಾಗಿಲಿಗೆ ಹೆಂಗಸರ ತಾಸು ಬಂದ್ ಎಂದು ಹಲಗೆ ಬಿತ್ತು. ನೀರು ಪೂರ್ತಿ ಬದಲಿಸದೆ ಇಳಿಯುವುದಿಲ್ಲ ಎಂದು ಗಂಡಸರು ಹಟ ಹಿಡಿದಿದ್ದರಂತೆ. ಆ ಬೇಸಗೆಯಲ್ಲಿ ಅಷ್ಟು ನೀರು ಹೊಂದಿಸಿದ ಮ್ಯಾನೇಜರ ಸಾಹೇಬನಿಗೆ ಇನ್ನೊಮ್ಮೆ ಈ ಉಸಾಬರಿ ಬೇಡವಾಗಿತ್ತು. ಸುದ್ದಿ ಲೀಲಾಬಾಯಿಯ ಬಾಯಿಂದ ಬಾಜಾರಕ್ಕೆ, ಬಾಜಾರದಿಂದ ಗುಡಿಗೆ ಹೋಯಿತು. ಲಿಂಗ ಕಟ್ಟಿದವರಿಗೆ ಸೂತಕವಿಲ್ಲ ಎಂದು ಮಠದಲ್ಲಿ ಸ್ವಾಮಿಗಳು ಹೇಳುತ್ತಾರೆ. ಹೂವಿನವಳ ಮುಂದೆ ಯಾರು ಹೇಳಬೇಕು? ಕಸ್ತೂರಬಾಯಿ ಹೋಗಿ ನಿಂತರೆ ಅಲ್ಲಿದ್ದ ಹೆಂಗಸರು ಮಾತು ನಿಲ್ಲಿಸಿ ಮಲ್ಲಿಗೆ ಎಣಿಸುತ್ತಿದ್ದರು. ಕಾಲೇಜಿನ ಆ ಹುಡುಗಿ ಒಮ್ಮೆ ಎದುರು ಬಂದು, ನೋಡಿ, ರಸ್ತೆ ದಾಟಿದಳು.

"ಅಕ್ಕಲಕೋಟಕ್ಕ ಹೋಗಿ ಎಂಟ ದಿನ ಇದ್ದು ಬಾ," ಅಂದ ಮಲಕಾಜಪ್ಪ. ಮಂಗಳವಾರ ತಾನೇ ಬಸ್ ಸ್ಟ್ಯಾಂಡಿಗೆ ಬಂದು, ಕಿಟಕಿಯ ಬದಿಗೆ ಜಾಗ ಹಿಡಿದು ಕೂಡಿಸಿದ. ಕೆಳಗೆ ನಿಂತು ಬಾಳೆಹಣ್ಣಿನ ಚೀಲ ಕೊಡುತ್ತಿರುವಾಗಲೇ ಕಂದಲಗಾಂವದ ಗಾಡಿಯಿಂದ ಇಳಿದ ಸುಗಲಾಬಾಯಿ ಇವರನ್ನು ಕಂಡು ಬಂದಳು.

"ದೇವರು ಸಿಕ್ಕಂಗ ಸಿಕ್ರಿ," ಅಂದಳು, ಕಿಟಕಿಗೆ ಮುಖ ಎತ್ತಿ. "ಸಾಹೇಬರ ಕಡಿಗೇ ಹೊಂಟೀನಿ. ಅದು ಬಣ್ಣ ಅಂತ ನಾ ಹೇಳೀನ್ರಿ, ಮೂರ ಸಲ ಹೇಳೀನಿ. ಕುರಿ ಕಾಯಾಕಿ ಮಾತು ಯಾರ ಕೇಳ್ತಾರ? ನೀವೊಮ್ಮಿ ಬಾಯಿಬಿಟ್ಟು ಹೌದು ಅನ್ರಿ. ಆ ಅಂಗಿ ತೋರಿಸಿದ್ರಂತೂ ಮುಗದ ಹೋತು. ತಾಸು ಮತ್ತ ಚಾಲೂ ಆಕ್ಕದ. ನನ್ನ ಕೆಲಸಾನೂ ಉಳೀತದ."

ಮಲಕಾಜಪ್ಪ ತನ್ನ ಚಪ್ಪಲಿ ನೋಡುತ್ತಾ ನಿಂತಿದ್ದ. ಬಸ್ಸಿನ ಎಂಜಿನ್ ಶುರುವಾಯಿತು. ಕಸ್ತೂರಬಾಯಿ ಅವನ ತಲೆಯನ್ನು ನೋಡಿದಳು, ನಡುವೆ ಕೂದಲು ಉದುರಿದ ಜಾಗವನ್ನು ನೋಡಿದಳು. ಹೌದು ಎನ್ನುವುದು ಎಷ್ಟು ಸಣ್ಣ ಮಾತು.

"ಅದು ಬಣ್ಣ ಅಲ್ಲ ಸುಗಲಾ," ಅಂದಳು.

ಸುಗಲಾಬಾಯಿಯ ಕಣ್ಣು ಕಿಟಕಿಯ ಸರಳು ಹಿಡಿದ ಕಸ್ತೂರಬಾಯಿಯ ಬೆರಳುಗಳ ಮೇಲೆ ಇತ್ತು. ಆರು ದಿನವಾದರೂ ಉಗುರಿನ ಸುತ್ತ ಕೆಂಪು ಗೆರೆ ಹೋಗಿರಲಿಲ್ಲ. ಕಸ್ತೂರಬಾಯಿ ಮುಷ್ಟಿ ಕಟ್ಟಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಆತ್ರಿ ಬಾಯಾರ," ಅಂದು ಸುಗಲಾಬಾಯಿ ತಿರುಗಿದಳು. ಟ್ಯಾಂಕಿನ ಕಡೆ ಹೋಗಲಿಲ್ಲ, ಬಂದ ಗಾಡಿಯನ್ನೇ ಮತ್ತೆ ಹತ್ತಿ ಕೂತಳು. ಮಲಕಾಜಪ್ಪ ತಲೆಯೆತ್ತಿ, "ಹಣ್ಣು ತಿನ್ನು, ಉಪಾಸ ಇರಬ್ಯಾಡ," ಅಂದ.

ಅಕ್ಕಲಕೋಟದಲ್ಲಿ ತೋಟದ ಬಾವಿಗೆ ಅವಳ ತಮ್ಮ ಪಂಪು ಕೂಡಿಸಿದ್ದ. ಕಸ್ತೂರಬಾಯಿ ಕಟ್ಟೆಯ ಮೇಲೆ ಕೂತು ಪಂಪಿನ ನೀರಿಗೆ ಕೈಯೊಡ್ಡಿ, ಇಟ್ಟಿಗೆ ಚೂರಿನಿಂದ ಉಗುರು ತಿಕ್ಕುತ್ತಿದ್ದಳು. ಕಣ್ಣು ಮಂಜಾದ ಮುದುಕಿ ಅವ್ವ ಕೋಲೂರುತ್ತಾ ಬಂದು, ಮಗಳ ಕೈಯನ್ನು ಕಣ್ಣಿನ ಹತ್ತಿರ ತಂದು ನೋಡಿದಳು.

"ಏನವ್ವ ಇದು, ಇಷ್ಟ ಕೆಂಪು?"

ಇಲ್ಲಿ ಮಲಕಾಜಪ್ಪನಿರಲಿಲ್ಲ, ಗಿರಾಕಿಗಳಿರಲಿಲ್ಲ. ಹೇಳಬಹುದಿತ್ತು. ಹೇಳಿದರೆ ಅವ್ವ ಏನು ಮಾಡಿಯಾಳು, ಈಜಿದ್ದಕ್ಕೇ ಹೀಗಾಯಿತು ಅಂದಾಳು.

"ಮದರಂಗಿ ಹಚ್ಚಿದ್ನೆವ್ವ."

ಮುದುಕಿ ಆ ಬೆರಳುಗಳನ್ನು ಒಂದೊಂದಾಗಿ ಸವರಿದಳು. "ಛಂದ ಹಿಡದದ ನೋಡು ಬಣ್ಣ," ಅಂದಳು.