ಗಂಟೆ ಹೊಡೆಯುವ ಮೊದಲು

ಆ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಎಣಿಕೆಯಕ್ಕ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷದಿಂದ ಅವಳ ಕೆಲಸ ಒಂದೇ. ಗಾಜಿನ ಪಟ್ಟಿಯ ಮೇಲೆ ಸವರಿ ಬಣ್ಣ ಹಾಕಿದ ರಕ್ತವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಬಿಳಿ ರಕ್ತಕಣಗಳನ್ನು ಬಗೆಬಗೆಯಾಗಿ ವಿಂಗಡಿಸಿ ಎಣಿಸುವುದು. ಎಡಗೈ ಪಕ್ಕದಲ್ಲಿ ಗುಂಡಿಗಳ ಡಬ್ಬಿ, ಒಂದೊಂದು ಬಗೆಯ ಕಣಕ್ಕೆ ಒಂದೊಂದು ಗುಂಡಿ. ಒಟ್ಟು ನೂರಾದರೆ ಡಬ್ಬಿ ತಾನೇ ಗಂಟೆ ಹೊಡೆಯುತ್ತದೆ. ಗಂಟೆ ಹೊಡೆಯುವ ತನಕ ಯಾರೂ ಬಾಯಿ ಬಿಡಬಾರದು ಎಂಬುದು ಅಲ್ಲಿನ ಕಟ್ಟಳೆ. ಹೊಸದಾಗಿ ಸೇರಿದವರಿಗೆ ಅದನ್ನು ಗದರಿಸಿ ಕಲಿಸುತ್ತಿದ್ದವಳೂ ಅವಳೇ.

ಇನ್ನೊಂದು ಕಟ್ಟಳೆಯೂ ಇತ್ತು. ತನ್ನವರ ಗಾಜನ್ನು ತಾನು ನೋಡುವಂತಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ಹಾಗೆ ಒಡಹುಟ್ಟಿದವರ ರಕ್ತದಲ್ಲಿ ಕಣ್ಣಿಗೆ ಬೇಕಾದ್ದೇ ಕಾಣುತ್ತದೆ. ಇಲ್ಲವಾದರೆ ಹೆದರಿಕೊಂಡದ್ದೇ ಕಾಣುತ್ತದೆ.

ಹದಿನಾರು ದಿನಗಳಿಂದ ಈ ಎರಡನೆಯ ಕಟ್ಟಳೆ ಅವಳ ಜೀವ ಹಿಂಡುತ್ತಿತ್ತು. ಎರಡು ಮಹಡಿ ಮೇಲೆ, ಗಾಜಿನ ಬಾಗಿಲ ಕೋಣೆಯಲ್ಲಿ ಅವಳ ತಮ್ಮ ಮಲಗಿದ್ದ. ರಕ್ತದ ಕ್ಯಾನ್ಸರ್. ರಕ್ತ ಹುಟ್ಟುವುದೇ ಮೂಳೆಯೊಳಗಿನ ಮಜ್ಜೆಯಲ್ಲಿ, ಕೆಟ್ಟಿದ್ದೂ ಅಲ್ಲಿಯೇ. ಹಾಗಾಗಿ ಅವನ ಮಜ್ಜೆಯನ್ನು ಔಷಧಿಯಿಂದ ಪೂರ್ತಿ ಬರಿದು ಮಾಡಿ, ಅಕ್ಕನ ಸೊಂಟದ ಮೂಳೆಯಿಂದ ತೆಗೆದ ಮಜ್ಜೆಯನ್ನು ಅವನ ರಕ್ತನಾಳಕ್ಕೆ ಹರಿಸಿದ್ದರು. ಅದರೊಳಗಿನ ತಾಯಿಕಣಗಳು ದಾರಿ ಹುಡುಕಿಕೊಂಡು ಮೂಳೆ ಸೇರಿ, ಅಲ್ಲಿ ಬೇರು ಬಿಟ್ಟು, ಹೊಸ ರಕ್ತ ಹಡೆಯಬೇಕು. ಹಡೆದರೆ ತಮ್ಮ ಉಳಿದ. ಹಡೆಯದಿದ್ದರೆ, ಅಥವಾ ಹಳೆಯ ರೋಗವೇ ತಲೆಯೆತ್ತಿದರೆ, ಮುಂದಿನ ದಾರಿ ಯಾವುದೆಂದು ಡಾಕ್ಟರರೂ ಬಾಯಿಬಿಟ್ಟು ಹೇಳಿರಲಿಲ್ಲ.

ಐದನೆಯ ದಿನ ಅವನು ಬಾಗಿಲಾಚೆಯಿಂದ ಫೋನಿನಲ್ಲಿ ಹೇಳಿದ್ದ. "ಅಕ್ಕಾ, ಚಿಕ್ಕಂದಿನಿಂದ ಅಮ್ಮ ನಿನ್ನ ಸೋಮಾರಿ ಅಂತಾನೇ ಬೈತಿದ್ದಳು. ನಿನ್ನ ಮಜ್ಜೆನೂ ಹಾಗೇ ಇರ್ಬೇಕು. ನನ್ನ ಮೂಳೆಯೊಳಗೆ ಹೊದ್ದುಕೊಂಡು ಮಲಗಿಬಿಟ್ಟಿದೆ."

ಇಬ್ಬರೂ ನಕ್ಕಿದ್ದರು. ಆದರೆ ಆ ಮಾತು ಅಂಗಾಲಿನ ಮುಳ್ಳಿನ ಹಾಗೆ ಅವಳೊಳಗೆ ಉಳಿದುಬಿಟ್ಟಿತು. ಅಂದಿನಿಂದ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಕಾಲು ಸುಟ್ಟ ಬೆಕ್ಕಿನ ಹಾಗೆ ಕಿಟಕಿಗೂ ಮೇಜಿಗೂ ಓಡಾಡಿದಳು. ಸೊಂಟದ ನೋವು ಕಡಿಮೆಯಾದರೆ ಅದಕ್ಕೂ ದಿಗಿಲು, ಜಾಸ್ತಿಯಾದರೆ ಅದಕ್ಕೂ ದಿಗಿಲು. ದಿನಾ ಬೆಳಿಗ್ಗೆ ಪ್ರಯೋಗಾಲಯದ ಡಾಕ್ಟರಮ್ಮ ಅವನ ಗಾಜು ನೋಡಿ ಒಂದೇ ಮಾತು ಹೇಳುತ್ತಿದ್ದರು: "ಇನ್ನೂ ಖಾಲಿ."

ಹದಿನೇಳನೆಯ ದಿನ ಬೆಳಿಗ್ಗೆ ಬಣ್ಣದ ಮಾಮ ಗಾಜುಗಳ ತಟ್ಟೆ ತಂದಿಟ್ಟ. ಗಾಜುಗಳಿಗೆ ಬಣ್ಣ ಹಾಕುವವನು ಅವನು. ಮೂವತ್ತು ವರ್ಷದಿಂದ ಅವನ ಬೆರಳುಗಳು ನೇರಳೆ. "ಐದನೇದು ನಿನ್ನ ತಮ್ಮಂದು, ಮುಟ್ಬೇಡ ಕಣಮ್ಮ," ಎಂದ. "ಡಾಕ್ಟರಮ್ಮ ಮೀಟಿಂಗಿನಿಂದ ಬಂದು ನೋಡ್ತಾರಂತೆ. ರಕ್ತ ಎಣಿಸೋ ಮೆಷಿನ್ನು ಏನೋ ಗುರುತು ಹಾಕಿದೆ."

"ಏನಂತ?"

"ಎಳೇ ಕಣ ಇದೆ ಅಂತ. ನಂಗೇನು ಗೊತ್ತು, ನಾನು ಬರೀ ಸೀರೆಗೆ ಬಣ್ಣ ಹಾಕೋನು. ಉಡೋರು ನೀವು."

ಅವನು ಆಚೆ ಹೋದದ್ದೇ ತಡ, ಕೈ ತಾನಾಗಿಯೇ ಐದನೆಯ ಗಾಜಿಗೆ ಹೋಯಿತು. ಬೇಡ, ಬೇಡ ಎನ್ನುತ್ತಲೇ ಗಾಜಿನ ಮೇಲೆ ಎಣ್ಣೆಯ ತೊಟ್ಟು ಬಿಟ್ಟು, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು.

ಕೆಂಪುಕಣಗಳು ಎಂದಿನಂತೆ ಹರಡಿಕೊಂಡಿದ್ದವು. ಅವು ಯಾವ ಸುದ್ದಿಯನ್ನೂ ಹೇಳುವುದಿಲ್ಲ. ಮಜ್ಜೆ ಬಿಟ್ಟು ಹೊರಡುವ ಮೊದಲೇ ತಮ್ಮ ನ್ಯೂಕ್ಲಿಯಸ್ಸನ್ನು ಕಳಚಿ ಬಂದ ಬರಿಗೈಯವು. ಮೇಲಾಗಿ ಅವುಗಳಲ್ಲಿ ಮುಕ್ಕಾಲು ಪಾಲು ಯಾರ್ಯಾರೋ ದಾನಿಗಳ ಚೀಲದಿಂದ ಇಳಿದವು. ಪುಡಿಪುಡಿಯಾಗಿ ಬಿದ್ದ ಪ್ಲೇಟ್‌ಲೆಟ್‌ಗಳೂ ಅಷ್ಟೇ, ಪರರ ಸೊತ್ತು. ಅವಳಿಗೆ ಬೇಕಾದದ್ದು ಬಿಳಿಕಣ. ಒಂದು ಸಿಕ್ಕಿತು. ಇನ್ನೊಂದು. ಖಾಲಿಯಿರಲಿಲ್ಲ! ಬೆರಳು ಗುಂಡಿ ಒತ್ತತೊಡಗಿತು. ಹತ್ತು, ಇಪ್ಪತ್ತು, ಮೂವತ್ತು.

ಮೂವತ್ತೆಂಟನೆಯದು ದೊಡ್ಡದಾಗಿ, ಗುಂಡಗೆ, ಮೈತುಂಬ ನ್ಯೂಕ್ಲಿಯಸ್ ತುಂಬಿಕೊಂಡಿತ್ತು. ಬ್ಲಾಸ್ಟ್. ಮಜ್ಜೆಯ ಹೊಸ್ತಿಲು ದಾಟಬಾರದ ಹಸುಗೂಸು. ತಮ್ಮನ ರೋಗವೆಂದರೆ ಇವೇ: ಬೆಳೆಯದೆ, ದುಡಿಯದೆ, ಬರೀ ಹೆಚ್ಚುತ್ತಾ ಹೋಗಿ ಮನೆಯವರನ್ನೇ ಹೊರಗೆ ದಬ್ಬಿದ ಕಣಗಳು. ನಲವತ್ತೊಂದನೆಯದೂ ಅಂಥದೇ.

ಬೇರೆಯವರ ಗಾಜಾಗಿದ್ದರೆ ಅಲ್ಲಿಗೇ ನಿಲ್ಲುತ್ತಿದ್ದಳೇ? ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ನಿಂತವಳಲ್ಲ. ಈಗ ಗಂಟೆಯನ್ನೂ ಮರೆತಳು, ಗಾಜನ್ನು ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿದಳು. ಯಾಕೆ ಹತ್ತುತ್ತಿದ್ದೇನೆಂದು ಅವಳಿಗೇ ಗೊತ್ತಿರಲಿಲ್ಲ. ಅವನ ಮುಖ ನೋಡಬೇಕಿತ್ತು, ಅಷ್ಟೇ.

ಕೋಣೆಯ ಹೊರಗೆ ಬೆಂಚಿನ ಮೇಲೆ ಅಮ್ಮ ಕೂತಿದ್ದಳು. "ಏನೇ ಇದು, ಹೀಗೆ ಓಡಿ ಬರ್ತಿದೀಯ? ಏನಾಯ್ತು?"

"ಏನಿಲ್ಲಮ್ಮ. ಸುಮ್ನೆ."

ಸುಮ್ಮನೆ ಬಂದವಳ ಮುಖ ಹಾಗಿರುವುದಿಲ್ಲ. ಗಾಜಿನಾಚೆ ಎದ್ದು ಕೂತಿದ್ದ ತಮ್ಮ ಅಕ್ಕನನ್ನು ನೋಡಿದ. ಕೂದಲಿಲ್ಲದ ತಲೆ, ರೆಪ್ಪೆಯಿಲ್ಲದ ಕಣ್ಣು. ಫೋನಿನ ಕಡೆ ಚಾಚಿದ ಕೈ ನಡುವೆಯೇ ನಿಂತಿತು. ಚಿಕ್ಕಂದಿನಲ್ಲಿ ಅವಳ ಮುಖ ನೋಡಿಯೇ ಅವನು ಪರೀಕ್ಷೆಯ ಫಲಿತಾಂಶ ಓದುತ್ತಿದ್ದ. ಈಗಲೂ ಓದಿದ. ಕೈ ಹಿಂದಕ್ಕೆಳೆದುಕೊಂಡು ಗೋಡೆಯ ಕಡೆ ಹೊರಳಿ ಮಲಗಿಬಿಟ್ಟ.

ಅವಳು ಬಾಗಿಲು ತಟ್ಟಿದಳು. ಅವನು ತಿರುಗಲಿಲ್ಲ.

ಅಷ್ಟರಲ್ಲಿ ಜೇಬಿನ ಫೋನು ಬಡಿದುಕೊಂಡಿತು. ಬಣ್ಣದ ಮಾಮ ಪಿಸುಗುಟ್ಟಿದ: "ಬೇಗ ಬಾರಮ್ಮ. ಡಾಕ್ಟರಮ್ಮ ಬಂದ್ರು. ನಲವತ್ತೊಂದಕ್ಕೆ ಡಬ್ಬಿ ಬಿಟ್ಟು ಓಡಿದೋರು ಯಾರು ಅಂತ ಕೇಳ್ತಿದಾರೆ. ನಾನಲ್ಲ ಅಂದೆ. ನಂಗೆ ಅಷ್ಟು ಎಣಿಸೋಕೇ ಬರಲ್ಲ."

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಇಬ್ಬರು ಒಟ್ಟಿಗೆ ನೋಡಬಹುದಾದ ಸೂಕ್ಷ್ಮದರ್ಶಕಕ್ಕೆ ಗಾಜು ಹಾಕಿ, ಎದುರಿನ ಕುರ್ಚಿ ತೋರಿಸಿದರು.

"ಕೂತ್ಕೋ. ಎಣಿಸಿ ಮುಗಿಸು."

"ಆಗಲ್ಲ ಮೇಡಂ. ಬ್ಲಾಸ್ಟ್ ಇದೆ. ಎರಡು ನೋಡಿದೆ."

"ಎರಡು ನೋಡಿದೆ, ಸರಿ. ಅವರ ಮನೆಯವರನ್ನ ನೋಡಿದ್ಯಾ? ಕಳ್ಳರ ಗುಂಪಾದ್ರೆ ಎಲ್ಲಾ ಒಂದೇ ವಯಸ್ಸಿನೋರು ಇರ್ತಾರೆ. ಸಂಸಾರ ಆದ್ರೆ ಕೂಸೂ ಇರುತ್ತೆ, ಮುದುಕರೂ ಇರ್ತಾರೆ. ಇದನ್ನ ಹೊಸಬರಿಗೆ ಹೇಳಿಕೊಡೋಳು ನೀನೇ ತಾನೇ?"

ಅವಳೇ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಪ್ರತಿ ವರ್ಷ ಹೇಳಿದವಳೂ ಅವಳೇ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಬೆರಳು ಗುಂಡಿಯ ಮೇಲಿಟ್ಟು, ಬಿಟ್ಟಲ್ಲಿಂದಲೇ ಎಣಿಸತೊಡಗಿದಳು.

ನಲವತ್ತೆರಡು: ಕೂಸಿಗಿಂತ ತುಸು ದೊಡ್ಡದು, ಮೈಯೆಲ್ಲ ಕೆನ್ನೇರಳೆ ಚುಕ್ಕೆ. ನಲವತ್ತಾರು: ನ್ಯೂಕ್ಲಿಯಸ್ ಒಂದು ಬದಿಗೆ ಸರಿದು ಹುರುಳಿಕಾಳಿನ ಹಾಗೆ ಬಾಗುತ್ತಿತ್ತು. ಐವತ್ತೊಂದು: ಬಾಗಿ ಬಾಗಿ ಲಾಳದಂತಾಗಿತ್ತು. ಆಮೇಲೆ ನ್ಯೂಕ್ಲಿಯಸ್ ತುಂಡುತುಂಡಾಗಿ ಹಾಲೆ ಬಿಟ್ಟ ಬೆಳೆದ ಕಣಗಳು, ಒಂದರ ಹಿಂದೊಂದು. ಕೂಸಿನಿಂದ ದುಡಿಯುವ ವಯಸ್ಸಿನ ತನಕ ಒಂದು ಮೆಟ್ಟಿಲೂ ತಪ್ಪಿರಲಿಲ್ಲ. ಹೊಸ ಮಜ್ಜೆ ಗಡಿಬಿಡಿಯಲ್ಲಿ ಬಾಗಿಲು ತೆರೆದಾಗ ದೊಡ್ಡವರ ಕಾಲ ಸಂದಿಯಿಂದ ಎರಡು ಕೂಸು ಹೊರಗೆ ನುಸುಳಿದ್ದವು, ಅಷ್ಟೇ.

ಆದರೂ ಅವಳ ಅನುಮಾನ ಅಡಗಲಿಲ್ಲ. ಸಂಸಾರವೇನೋ ಹೌದು, ಆದರೆ ಯಾರದು? ಅವನ ಹಳೆಯ ಮಜ್ಜೆಯೇ ಎಲ್ಲೋ ಮೂಲೆಯಲ್ಲಿ ಉಳಿದು ಚಿಗುರಿದ್ದರೆ? ಹಾಗಾದರೆ ರೋಗವೂ ಅದರ ಜೊತೆಗೇ ಚಿಗುರುತ್ತದೆ. ಎಪ್ಪತ್ತು. ಎಂಬತ್ತು. ಎಂಬತ್ತೇಳನೆಯ ಕಣಕ್ಕೆ ಬೆರಳು ನಿಂತಿತು.

ನ್ಯೂಟ್ರೋಫಿಲ್ ಬಗೆಯ ಬೆಳೆದ ಬಿಳಿಕಣ. ಮೂರು ಹಾಲೆಯ ನ್ಯೂಕ್ಲಿಯಸ್. ಅದರ ಒಂದು ಅಂಚಿನಿಂದ ಸಣ್ಣ ಎಳೆ ಚಾಚಿ, ತುದಿಯಲ್ಲಿ ಗುಂಡನೆಯ ಬೊಟ್ಟು. ಡೋಲಿನ ಕೋಲಿನ ಹಾಗೆ. ಹೆಂಗಸರ ರಕ್ತದಲ್ಲಿ ನೂರಕ್ಕೆ ಎರಡೋ ಮೂರೋ ಕಣಗಳು ಹೀಗೆ ಕೋಲು ಹಿಡಿದು ನಿಂತಿರುತ್ತವೆ. ಗಂಡಸರ ರಕ್ತದಲ್ಲಿ ಇರುವುದಿಲ್ಲ.

"ಮೇಡಂ," ಎಂದಳು.

"ನೋಡ್ದೆ," ಎಂದರು ಡಾಕ್ಟರಮ್ಮ. "ಪಕ್ಕಾ ಪರೀಕ್ಷೆ ಬರೋಕೆ ಇನ್ನೂ ಒಂದು ವಾರ ಬೇಕು. ನೀನು ಬಾಯಿ ಮುಚ್ಕೊಂಡು ಗಂಟೆ ಹೊಡಿಸು."

ಹದಿಮೂರು ಕಣ ಬಾಕಿಯಿದ್ದವು. ಅವಳ ಬದುಕಿನಲ್ಲಿ ಅಷ್ಟು ಉದ್ದದ ಹದಿಮೂರು ಬಂದದ್ದೇ ಇಲ್ಲ. ಅಳುತ್ತಲೇ ಎಣಿಸಿದಳು. ಗಂಟೆ ಹೊಡೆಯಿತು.

ಮೇಲೆ ತಮ್ಮ ಇನ್ನೂ ಗೋಡೆಗೆ ಮುಖ ಮಾಡಿಯೇ ಮಲಗಿದ್ದ. ಅವಳು ಬಾಗಿಲನ್ನು ತಟ್ಟಲಿಲ್ಲ, ಗುದ್ದಿದಳು. ಅಮ್ಮ ಬೆಚ್ಚಿ ಎದ್ದು ನಿಂತಳು. ಅವನು ಮೆಲ್ಲಗೆ ಹೊರಳಿ, ಅಕ್ಕನ ಮುಖವನ್ನು ಎರಡನೆಯ ಸಲ ಓದಿದ. ಓದಿದ್ದು ನಂಬಿಕೆಯಾಗದೆ ಫೋನು ಎತ್ತಿಕೊಂಡ.

"ಏನು?"

"ನಿನ್ನ ರಕ್ತದಲ್ಲಿ ಒಬ್ಬಳು ಹೆಂಗಸು ಸಿಕ್ಕಿದ್ದಾಳೆ ಕಣೋ. ಕೋಲು ಹಿಡ್ಕೊಂಡು ನಿಂತಿದ್ದಾಳೆ."

ಅವನು ಫೋನನ್ನು ಕಿವಿಗೊತ್ತಿಕೊಂಡು ಎದ್ದು ಕೂತ.

"ಯಾರೇ ಅವಳು?"

"ಸೋಮಾರಿ," ಎಂದಳು ಅಕ್ಕ. "ಈಗ ಎದ್ದಳು."