ಸೋತವನ ಚೀಟಿ

"ಐದೇ ಜನ," ಎಂದು ಟೂರೆ ಮತ್ತೊಮ್ಮೆ ಎಣಿಸಿದ. ಎಣಿಸಿದರೆ ಹೆಚ್ಚಾಗುತ್ತಾರೆಯೆ? ಶವಪೆಟ್ಟಿಗೆಗೆ ಎರಡು ಬದಿಯಲ್ಲಿ ಮೂರು ಮೂರು ಹಿಡಿಕೆ. ಆರನೆಯದನ್ನು ಹಿಡಿಯಬೇಕಾಗಿದ್ದ ಸತ್ತವನ ಹೆಂಡತಿ ಮೋನಾಳ ತಮ್ಮ ಬೆಳಿಗ್ಗೆ ಶೂ ಕಟ್ಟಲು ಬಗ್ಗಿದವನು ಸೊಂಟ ಹಿಡಿದು ಮತ್ತೆ ನೆಟ್ಟಗಾಗಿರಲಿಲ್ಲ. ಚರ್ಚಿನ ಗಂಟೆ ಆಗಲೇ ಹೊಡೆಯತೊಡಗಿತ್ತು.

"ನಾನೇ ಹಿಡೀತೀನಿ ಬಿಡಿ, ಟೂರೆ ಮಾಮ," ಎಂದಳು ಇಲ್ವಾ. ಪೆಟ್ಟಿಗೆಯಲ್ಲಿದ್ದವನು ಅವಳ ಅಪ್ಪ, ಸ್ಟೆಲನ್ ರೀಡ್.

"ನೀನು ಅಮ್ಮನ ಕೈ ಹಿಡ್ಕೊಂಡು ನಡೀಬೇಕು ಕಣಮ್ಮ. ಎರಡು ಕೆಲಸ ಒಬ್ಬಳಿಂದ ಆಗಲ್ಲ."

ಹಿಂದಿನ ಸಾಲಿನಲ್ಲಿ ಒಬ್ಬ ಅಪರಿಚಿತ ಕೂತಿದ್ದ. ಎತ್ತರದ ಆಳು, ಬೋಳುತಲೆ, ಕೈಯಲ್ಲಿ ಒಂದೇ ಒಂದು ಹಳದಿ ಟ್ಯೂಲಿಪ್ ಹೂ. ಲಿಲ್‌ವೀಕ್‌ನಂಥ ಊರಿನಲ್ಲಿ ಗುರುತಿಲ್ಲದ ಮುಖ ಎಂದರೆ ಅದೇ ಒಂದು ಸುದ್ದಿ. ಅರ್ಧ ಜನ ಪಾದ್ರಿಯ ಮಾತು ಬಿಟ್ಟು ಅವನನ್ನೇ ನೋಡಿದ್ದರು. ಟೂರೆ ನೇರ ಅವನ ಹತ್ತಿರ ಹೋದ.

"ಸ್ವಾಮಿ, ನಿಮ್ಮ ಬೆನ್ನು ಗಟ್ಟಿ ಇದೆಯಾ?"

"ಬೆನ್ನು ಇದೆ. ಮೊಣಕಾಲು ಇಲ್ಲ," ಎಂದ ಆತ, ಮುರುಕು ಸ್ವೀಡಿಷ್‌ನಲ್ಲಿ.

"ಮೊಣಕಾಲು ನಮಗ್ಯಾರಿಗೂ ಇಲ್ಲ. ಬನ್ನಿ."

ಆತ ಹೂವನ್ನು ಕೋಟಿನ ಜೇಬಿಗೆ ಸಿಕ್ಕಿಸಿ ಎದ್ದು ಬಂದ. "ನಾನು ಎಡಗೈ," ಎಂದು ಹೇಳಿ, ಎಡಗೈಗೆ ಹಿಡಿಕೆ ಸಿಗುವ ಬದಿಗೆ ಹೋಗಿ ನಿಂತ. ಆರು ಮುದುಕರು ಒಂದೇ ಉಸಿರಿಗೆ ಪೆಟ್ಟಿಗೆ ಎತ್ತಿದರು.

"ಯಾರೇ ಅದು?" ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಕೂತಿದ್ದ ಇಂಗಾ-ಬ್ರಿತ್ ಪಕ್ಕದವಳ ಪಕ್ಕೆಗೆ ತಿವಿದಳು. "ಈಜುಕೊಳದ ಮೇಲ್ವಿಚಾರಕ ಸತ್ತರೆ ಪರದೇಶದಿಂದ ಜನ ಬರ್ತಾರಾ?"

"ಟೆನಿಸ್ ಕಾಲದವನಿರಬೇಕು."

"ಟೆನಿಸ್! ಹನ್ನೊಂದು ವರ್ಷ ಊರೂರು ಅಲೆದ, ಒಂದು ಕಪ್ಪಾದರೂ ಗೆದ್ದು ತಂದನಾ ಪುಣ್ಯಾತ್ಮ?"

ಹೊರಗೆ ಬರ್ಚ್ ಮರಗಳ ವಸಂತದ ಚಿಗುರು ಇಲಿ ಕಿವಿಯಷ್ಟಾಗಿತ್ತು. ಕಡಲ ಕಡೆಯಿಂದ ತಣ್ಣನೆಯ ಗಾಳಿ. ಗುಂಡಿಯ ಬಳಿ ಒಬ್ಬೊಬ್ಬರಾಗಿ ಹೂ ಇಟ್ಟರು. ಅಪರಿಚಿತ ತನ್ನ ಟ್ಯೂಲಿಪ್ ಇಟ್ಟು, ಪೆಟ್ಟಿಗೆಯ ಮುಚ್ಚಳವನ್ನು ಎರಡು ಬೆರಳಿನಿಂದ ತಟ್ಟಿದ. ಆಟ ಮುಗಿದ ಮೇಲೆ ಎದುರಾಳಿಯ ಹೆಗಲು ತಟ್ಟಿದ ಹಾಗೆ.

*

ಸ್ಟೆಲನ್‌ಗೆ ಒಂಬತ್ತು ವರ್ಷವಾಗಿದ್ದಾಗ ಊರಿನ ಮರಕೊಯ್ಯುವ ಕಾರ್ಖಾನೆಯವರು ಹಳೆಯ ಹಲಗೆ ಗೋದಾಮೊಂದನ್ನು ಖಾಲಿ ಮಾಡಿಸಿ ಒಳಗೆ ಟೆನಿಸ್ ಅಂಗಣ ಮಾಡಿಕೊಟ್ಟರು. ಚಳಿಗಾಲದಲ್ಲಿ ಅಲ್ಲಿ ಆಡುವವರ ಉಸಿರು ಹೊಗೆಯಾಡುತ್ತಿತ್ತು, ಚೆಂಡು ಕಲ್ಲಿನಂತೆ ಗಟ್ಟಿಯಾಗುತ್ತಿತ್ತು.

ಅಪ್ಪ ಹೆನ್ನಿಂಗ್ ಆ ಕಾರ್ಖಾನೆಯ ಮೇಸ್ತ್ರಿ. ಸಂಜೆ ಪಾಳಿ ಮುಗಿಸಿ ಬಂದು ಅಂಗಣದ ಪಕ್ಕದ ಬೆಂಚಿನ ಮೇಲೆ ಕೂರುತ್ತಿದ್ದ. ಮೇಲ್ದುಟಿಯ ಒಳಗೆ ಹೊಗೆಸೊಪ್ಪಿನ ಪುಡಿ, ಎರಡು ಕೈ ಎರಡು ಮೊಣಕಾಲ ಮೇಲೆ. ಬೈಯುತ್ತಿರಲಿಲ್ಲ, ಹೊಗಳುತ್ತಿರಲಿಲ್ಲ. ಮಗ ಒಳ್ಳೆಯ ಹೊಡೆತ ಹೊಡೆದರೆ ಬಾಯಿಯ ಒಂದು ಮೂಲೆ ಸ್ವಲ್ಪ ಮೇಲೇಳುತ್ತಿತ್ತು. ಕೆಟ್ಟದಾಗಿ ಹೊಡೆದರೆ ತನ್ನ ಬೂಟು ನೋಡಿಕೊಳ್ಳುತ್ತಿದ್ದ. ಅಷ್ಟೇ. ಆ ಬಾಯಿಯ ಮೂಲೆಗಾಗಿ ಸ್ಟೆಲನ್ ಬೆರಳಿನ ಚರ್ಮ ಸುಲಿಯುವ ತನಕ ಆಡುತ್ತಿದ್ದ.

ಇಪ್ಪತ್ತೊಂದಕ್ಕೆ ಅವನು ವೃತ್ತಿ ಆಟಗಾರನಾದ. ದೇಶಕ್ಕೆಲ್ಲ ಟೆನಿಸ್ ಹುಚ್ಚು ಹಿಡಿದಿದ್ದ ಕಾಲ ಅದು. ಗ್ಯಾರೇಜಿನ ಬಾಗಿಲುಗಳೆಲ್ಲ ಚೆಂಡಿನ ಪೆಟ್ಟು ತಿಂದು ತಗ್ಗುಬಿದ್ದಿದ್ದವು. ಒಂದು ಹಳೆಯ ವ್ಯಾನಿನಲ್ಲಿ ಆರು ರ‍್ಯಾಕೆಟ್, ಗಟ್ಟಿರೊಟ್ಟಿಯ ಪೊಟ್ಟಣ, ಮೀನಿನ ಮೊಟ್ಟೆಯ ಗೊಜ್ಜಿನ ಟ್ಯೂಬು ಹಾಕಿಕೊಂಡು ಯುರೋಪು ಸುತ್ತಿದ. ಸೋಮವಾರ ಸೋತರೆ ಮಂಗಳವಾರ ಮುಂದಿನ ಊರು. ಜಗತ್ತಿನ ಪಟ್ಟಿಯಲ್ಲಿ ಅವನು ಏರಿದ ಅತಿ ಎತ್ತರದ ಮೆಟ್ಟಿಲು ನೂರ ಮೂವತ್ತೆಂಟನೆಯದು. ಅಲ್ಲಿಯೂ ನಿಂತದ್ದು ಮೂರು ವಾರ.

ಹೆನ್ನಿಂಗ್ ತೀರಿಕೊಂಡಾಗ ಸ್ಟೆಲನ್ ಆಡಲೆಂದು ಆಫ್ರಿಕದ ಟ್ಯುನಿಸ್‌ನಲ್ಲಿದ್ದ. ಮಣ್ಣಿಗೆ ಬಂದು ಹೋದ. ಮುಂದಿನ ವಾರ ಮತ್ತೆ ಆಡಿದ, ಸೋತ.

*

ಮಣ್ಣಿನ ನಂತರದ ಕಾಫಿ ಟೆನಿಸ್ ಕ್ಲಬ್ಬಿನ ಮನೆಯಲ್ಲಿ. ಸೀಗಡಿ ಮತ್ತು ಮೊಟ್ಟೆ ಹೊದೆಸಿದ ಎರಡು ದೊಡ್ಡ ರೊಟ್ಟಿಕೇಕುಗಳ ಮುಂದೆ ಊರೇ ಸಾಲುಗಟ್ಟಿತು. ಮೋನಾ ಅಪರಿಚಿತನಿಗೆ ತಾನೇ ಕಾಫಿ ತಂದುಕೊಟ್ಟಳು.

"ತಾವು ಯಾರು ಅಂತ ಗೊತ್ತಾಗಲಿಲ್ಲ."

"ಅಲೋಯಿಸ್. ಗ್ರಾಜ್ ಊರು, ಆಸ್ಟ್ರಿಯ. ನೀವು ಕಾಗದ ಬರೆದಿರಿ."

"ಅಯ್ಯೋ, ಕ್ರಿಸ್‌ಮಸ್ ಕಾರ್ಡಿನ ಅಲೋಯಿಸ್!" ಮೋನಾಳ ಮುಖದಲ್ಲಿ ಆ ದಿನದ ಮೊದಲ ನಗು ಕಾಣಿಸಿತು. "ನಲವತ್ತು ವರ್ಷದಿಂದ ಕಾರ್ಡು ಬರ್ತಾನೇ ಇದೆ. ಯಾರಿದು ಅಂತ ಕೇಳಿದರೆ 'ನನ್ನನ್ನ ಸೋಲಿಸಿದವನು' ಅಂತಿದ್ದ, ಮುಂದಕ್ಕೆ ಬಾಯಿ ಬಿಡ್ತಿರಲಿಲ್ಲ."

"ಸೋಲಿಸಿದವರಿಗೆಲ್ಲ ಕಾರ್ಡು ಕಳಿಸ್ತಿದ್ದರೆ ಅಂಚೆ ಕಚೇರಿಗೆ ಇನ್ನೊಂದು ಕೋಣೆ ಕಟ್ಟಿಸಬೇಕಾಗ್ತಿತ್ತು," ಎಂದಳು ಇಂಗಾ-ಬ್ರಿತ್. ನಕ್ಕವರು ಮೋನಾಳ ಕಡೆ ನೋಡಿ ನಗುವನ್ನು ಕಾಫಿಯ ಜೊತೆ ನುಂಗಿದರು.

ಅಲೋಯಿಸ್ ಮಾತ್ರ ಗಂಭೀರವಾಗಿ ತಲೆಯಾಡಿಸಿದ. "ಸರಿ ಹೇಳಿದಿರಿ. ಅವನು ಬರೆಯುತ್ತಿದ್ದ. ಸೋಲಿಸಿದವರಿಗೆಲ್ಲ."

"ಏನು ಬರೀತಿದ್ದ?" ಇಲ್ವಾ ಕುರ್ಚಿಯನ್ನು ಹತ್ತಿರ ಎಳೆದುಕೊಂಡಳು.

ಅಲೋಯಿಸ್ ಪರ್ಸಿನಿಂದ ಒಂದು ಚೀಟಿ ತೆಗೆದ. ಯಾವುದೋ ಹೋಟೆಲಿನ ಕಾಗದ. ಮಡಿಕೆಗಳು ಸವೆದು ಹೋಗಿ ಪಾರದರ್ಶಕ ಅಂಟುಪಟ್ಟಿಯ ಬಲದಲ್ಲಿ ನಿಂತಿತ್ತು. ಅಕ್ಷರ ಅಪ್ಪನದೇ, ಈಜುಕೊಳದ ಬಾಗಿಲಿಗೆ 'ಓಡಬೇಡಿ' ಎಂದು ಬರೆದು ಅಂಟಿಸುತ್ತಿದ್ದ ಅದೇ ಗುಂಡು ಅಕ್ಷರ. ಇಲ್ವಾ ಓದಿದಳು:

"ಒತ್ತಡ ಬಂದಾಗ ನಿನ್ನ ಎರಡನೇ ಸರ್ವ್ ಯಾವಾಗಲೂ ಎದುರಾಳಿಯ ಬಲಗೈಗೇ ಹೋಗುತ್ತದೆ. ಹೊಡೆಯುವ ಮುಂಚೆ ನಿನ್ನ ನಾಲಿಗೆ ಹೊರಗೆ ಬಂದರೆ ಚೆಂಡು ಮೆಲ್ಲಗೆ ಬರುತ್ತದೆ. ಇದು ನನಗೆ ಮೊದಲ ಸೆಟ್ಟಿನಲ್ಲೇ ಗೊತ್ತಾಯಿತು, ಆದರೂ ಸರಿಯಾದ ಹೊತ್ತಿಗೆ ಅಲ್ಲಿಗೆ ಮುಟ್ಟಲಾಗಲಿಲ್ಲ. ಗೊತ್ತಿದ್ದು ಮುಟ್ಟಲೂ ಬಲ್ಲವನೊಬ್ಬ ಬರುತ್ತಾನೆ. ಅಷ್ಟರೊಳಗೆ ಸರಿಮಾಡಿಕೋ. ಎಸ್. ರೀಡ್."

"ಎಂಬತ್ತೊಂದನೇ ಇಸವಿ," ಎಂದ ಅಲೋಯಿಸ್. "ನಾನು ಗೆದ್ದ ರಾತ್ರಿ ಕೋಣೆಯ ಬಾಗಿಲ ಕೆಳಗಿನಿಂದ ಇದು ಬಂತು. ನನಗೆ ಸಿಟ್ಟು! ಸೋತವನು ನನಗೆ ಪಾಠ ಹೇಳುವುದೇ? ಮರುದಿನ ಆಡುವಾಗ ನೋಡಿಕೊಂಡೆ. ನಾಲಿಗೆ ಹೊರಗಿತ್ತು."

ಟೂರೆ ಜೋರಾಗಿ ನಕ್ಕ. ಈ ಸಲ ಯಾರೂ ನಗು ನುಂಗಲಿಲ್ಲ.

"ಆರು ತಿಂಗಳು ನಾಲಿಗೆ ಕಚ್ಚಿಕೊಂಡೆ. ಆಮೇಲೆ ಪಟ್ಟಿಯಲ್ಲಿ ನಲವತ್ತನೆಯವನಾದೆ. ನನ್ನ ಮನೆ, ಮಕ್ಕಳ ಓದು, ಈ ಕೋಟು, ಎಲ್ಲ ಆ ನಾಲಿಗೆಯಿಂದ."

ಇಲ್ವಾ ಚೀಟಿಯನ್ನು ಮೇಜಿನ ಮೇಲಿಟ್ಟಳು. ಕಾಫಿಯ ಹನಿ ತಾಗದಂತೆ ದೂರಕ್ಕೆ ಸರಿಸಿದಳು. ಅವಳ ದನಿ ಮಾತ್ರ ಅಷ್ಟು ಜೋಪಾನವಾಗಿರಲಿಲ್ಲ.

"ಅಪ್ಪ ಊರೂರಿನವರಿಗೆ ಬಾಗಿಲ ಕೆಳಗಿನಿಂದ ಹೇಳಿದಾರೆ. ನಾನು ಆರು ವರ್ಷ ಇದೇ ಕ್ಲಬ್ಬಲ್ಲಿ ಆಡಿದೆ. ನನಗೆ ಒಂದು ಮಾತು ಹೇಳಲಿಲ್ಲ. ಒಂದೇ ಒಂದು."

"ಇಲ್ವಾ," ಎಂದಳು ಮೋನಾ.

"ಇಲ್ಲಮ್ಮ, ಇವತ್ತಾದರೂ ಕೇಳ್ತೀನಿ. ಕಾರಲ್ಲಿ ತಂದು ಬಿಡ್ತಿದ್ರು, ಬೇಲಿಗೆ ಬೆನ್ನು ಹಾಕಿ ಕಡಲ ಕಡೆ ಹೊರಟುಬಿಡ್ತಿದ್ರು. ಬೇರೆ ಹುಡುಗಿಯರ ಅಪ್ಪಂದಿರು ಬೇಲಿ ಹಿಡ್ಕೊಂಡು ಕೂಗ್ತಾ ನಿಂತಿರ್ತಿದ್ರು."

*

ಆಗ ಇಲ್ವಾಗೆ ಹದಿನೈದು. ಜಿಲ್ಲಾ ಪಂದ್ಯಾವಳಿಯ ಕೊನೆಯ ಆಟದಲ್ಲಿ ಸೋತು ಕಾರಿಗೆ ಬಂದು ಕೂತಿದ್ದಳು. ಒಳಗೆಲ್ಲ ಒದ್ದೆ ಟವೆಲ್ಲಿನ ವಾಸನೆ. ಅಪ್ಪ ಎಂಜಿನ್ ಶುರು ಮಾಡಿದ.

"ಅಪ್ಪ, ನನ್ನ ಆಟ ಹೇಗಿದೆ? ಯಾವಾಗಾದರೂ ನೋಡಿದೀಯ ನೀನು?"

ಸ್ಟೆಲನ್ ಗೇರು ಬದಲಿಸಿದ. "ನಿನಗೆ ಹೇಗನ್ನಿಸುತ್ತೆ?"

"ನಾನು ನಿನ್ನ ಕೇಳಿದ್ದು."

"ಗೊತ್ತು. ನಿನಗೆ ಹೇಗನ್ನಿಸುತ್ತೆ ಅಂತ ನಾನು ಕೇಳ್ತಿದೀನಿ."

ಮಾರನೆಯ ದಿನ ಅವಳು ರ‍್ಯಾಕೆಟ್ಟನ್ನು ನೆಲಮಾಳಿಗೆಯಲ್ಲಿಟ್ಟಳು. ತನ್ನ ಆಟ ನೋಡಲು ಅಪ್ಪನಿಗೆ ನಾಚಿಕೆಯಾಗುತ್ತದೆ ಎಂದು ಆಗಲೇ ತೀರ್ಮಾನಿಸಿದ್ದಳು. ಇಪ್ಪತ್ತೈದು ವರ್ಷ ಆ ತೀರ್ಮಾನದ ಜೊತೆಗೇ ಬಾಳಿದ್ದಳು.

*

ಅಲೋಯಿಸ್ ಕಾಫಿಯಲ್ಲಿ ಸಕ್ಕರೆ ಕರಗಿದ ಮೇಲೂ ಚಮಚ ತಿರುಗಿಸುತ್ತಲೇ ಇದ್ದ.

"ನನ್ನದೂ ಅವನಿಗೆ ಒಂದು ಚೀಟಿ ಬಾಕಿ ಇತ್ತು," ಎಂದ ಕಡೆಗೆ. "ಮರುವರ್ಷ ಇಟಲಿಯಲ್ಲಿ ಸಿಕ್ಕಿದ. ಮತ್ತೆ ಗೆದ್ದೆ. ಈ ಸಲ ಬಾಗಿಲು ತಟ್ಟಿದೆ. ಹೇಳಿದೆ: ರೀಡ್, ನಿನ್ನ ಕಾಲು ನಿಧಾನ ಅಲ್ಲ. ನೀನು ಪ್ರತಿ ಹೊಡೆತ ಆದ ಮೇಲೆ ಪಕ್ಕಕ್ಕೆ ನೋಡುತ್ತೀಯ, ಬೆಂಚಿನ ಕಡೆ. ಇಷ್ಟೇ ಇಷ್ಟು." ಕಣ್ಣನ್ನು ಪಕ್ಕಕ್ಕೆ ಹೊರಳಿಸಿ ತೋರಿಸಿದ. "ಅಷ್ಟರಲ್ಲಿ ಮುಂದಿನ ಚೆಂಡು ಬಂದಿರುತ್ತದೆ, ನೀನು ಅರ್ಧ ಹೆಜ್ಜೆ ತಡ. ಅಲ್ಲಿ ಯಾರಿದ್ದಾರೆ?"

"ಏನಂದ?" ಎಂದಳು ಇಂಗಾ-ಬ್ರಿತ್. ಅವಳ ದನಿಯ ಕೊಂಕು ಹೋಗಿತ್ತು.

"ಮಂಚದ ಮೇಲೆ ಕೂತು ಶೂ ಬಿಚ್ಚಿದ. ಆಮೇಲೆ ಅಂದ: ಯಾರೂ ಇಲ್ಲ. ಐದು ವರ್ಷ ಆಯ್ತು."

ಟೂರೆ ತಟ್ಟೆ ಕೆಳಗಿಟ್ಟ. ಹೆನ್ನಿಂಗ್ ಮೇಸ್ತ್ರಿಯ ಕೈಕೆಳಗೆ ಹಲಗೆ ಹೊತ್ತು ಬೆಳೆದವನು ಅವನು. ಬೆಂಚಿನ ಮೇಲೆ ಕೂತವನ ಬಾಯಿಯ ಮೂಲೆ ಅವನಿಗೂ ಗೊತ್ತಿತ್ತು.

"ಆ ಚಾಳಿ ಬಿಡಲು ನೋಡಿದ," ಎಂದ ಅಲೋಯಿಸ್. "ಕುದುರೆಯ ಕಣ್ಣಿಗೆ ಮರೆ ಕಟ್ಟುವ ಹಾಗೆ ಟೋಪಿಯ ಪಕ್ಕಕ್ಕೆ ರಟ್ಟು ಕಟ್ಟಿ ಅಭ್ಯಾಸ ಮಾಡಿದ. ನಾನೇ ಚೆಂಡು ಹಾಕಿಕೊಟ್ಟೆ. ಆಗಲಿಲ್ಲ. ಮೂರು ವರ್ಷ ನೋಡಿ ಆಟ ಬಿಟ್ಟ. ಆ ವರ್ಷದ ಕಾರ್ಡಿನಲ್ಲಿ ಬರೆದಿದ್ದ, ಮಗಳು ಹುಟ್ಟಿ ವರ್ಷವಾಯಿತು ಅಂತ."

"ಒಂದು ಸಲ ನಾನೇ ಬೈದಿದ್ದೆ ಅವನಿಗೆ," ಎಂದ ಟೂರೆ, ಇಲ್ವಾಳ ಮುಖ ನೋಡದೆ. "ಮಗೂ ಆಡ್ತಾ ಇದ್ರೆ ಕಡಲು ನೋಡ್ಕೊಂಡು ನಿಂತಿದೀಯಲ್ಲ, ಎಂಥ ಅಪ್ಪನಯ್ಯ ನೀನು ಅಂದೆ. ಅವನಂದ, 'ನಾನು ಅಲ್ಲಿ ನಿಂತರೆ ಅವಳು ಚೆಂಡು ಬಿಟ್ಟು ನನ್ನ ನೋಡ್ತಾಳೆ, ಟೂರೆ.' ನನಗೆ ತಲೆಬುಡ ತಿಳೀಲಿಲ್ಲ. ಜಂಬ ಅಂದ್ಕೊಂಡೆ."

ಇಲ್ವಾ ಕಿಟಕಿಯ ಕಡೆ ತಿರುಗಿದಳು. ಕಣ್ಣು ಒರೆಸಿಕೊಳ್ಳಲಿಲ್ಲ.

"ಅದನ್ನ ನನಗೆ ಹೇಳಬಹುದಿತ್ತು," ಎಂದಳು. "ನಾನು ಆಟ ಬಿಟ್ಟ ದಿನವಾದರೂ."

"ಹೌದು," ಎಂದ ಟೂರೆ. "ಹೇಳಬಹುದಿತ್ತು."

"ಅವತ್ತು ಅವನು ನೆಲಮಾಳಿಗೆಗೆ ಹೋಗಿ ನಿನ್ನ ರ‍್ಯಾಕೆಟ್ ತಂತಿ ಬಿಚ್ಚಿ ಹೊಸದು ಕಟ್ಟಿದ," ಎಂದಳು ಮೋನಾ. "ಪ್ರತಿ ವಸಂತದಲ್ಲೂ ಕಟ್ಟುತ್ತಿದ್ದ. ಆಡದ ರ‍್ಯಾಕೆಟ್ಟಿಗೆ ಯಾಕೆ ಅಂದರೆ, ತಂತಿ ಸಡಿಲಾಗುತ್ತೆ ಅನ್ನುತ್ತಿದ್ದ."

"ನೀನೂ ಹೇಳಲಿಲ್ಲವಲ್ಲಮ್ಮ."

"ನೀನು ಕೇಳಲಿಲ್ಲ. ನಾವು ಮೂವರೂ ಹಾಗೇ."

*

ನಾಲ್ಕು ಗಂಟೆಗೆ ಜನ ಕರಗಿದರು. ಇಂಗಾ-ಬ್ರಿತ್ ಹೋಗುವ ಮುಂಚೆ ಅಲೋಯಿಸ್‌ನ ಕೈಗೆ ಉಳಿದ ರೊಟ್ಟಿಕೇಕಿನ ಪೊಟ್ಟಣ ತುರುಕಿ, "ರೈಲಲ್ಲಿ ತಿನ್ನಿ, ಅಲ್ಲಿ ಕೊಡೋದು ನಾಯಿಯೂ ಮೂಸಲ್ಲ," ಎಂದಳು. ಅಡಿಗೆಕೋಣೆಯಲ್ಲಿ ಟೂರೆ ಕಪ್ಪು ತೊಳೆಯುತ್ತಿದ್ದ, ಅಲೋಯಿಸ್ ಒರೆಸುತ್ತಿದ್ದ. ಮೋನಾ ಇಬ್ಬರಿಗೂ ಏನೋ ಹೇಳಿ ನಗಿಸುತ್ತಿದ್ದಳು.

ಇಲ್ವಾ ಕ್ಲಬ್ಬಿನ ಕಪಾಟಿನಿಂದ ಯಾರದೋ ರ‍್ಯಾಕೆಟ್ ತೆಗೆದುಕೊಂಡಳು, ಒಂದು ಬಕೆಟ್ ಚೆಂಡು ಎತ್ತಿಕೊಂಡಳು. ಹೊರಗಿನ ಕೆಮ್ಮಣ್ಣಿನ ಅಂಗಣದ ಮೇಲೆ ಬೆಳಿಗ್ಗೆ ಚಾಪೆ ಎಳೆದು ನೆಲ ಸಮ ಮಾಡಿದ್ದರು. ಮಣ್ಣಿನ ಮೇಲೆ ಹಕ್ಕಿಯ ಹೆಜ್ಜೆಗುರುತೂ ಇರಲಿಲ್ಲ. ಕಪ್ಪು ಶೂಗಳನ್ನು ಹುಲ್ಲಿನ ಮೇಲೆ ಬಿಟ್ಟು, ಕಾಲುಚೀಲದಲ್ಲೇ ಗೆರೆಯ ಹಿಂದೆ ಹೋಗಿ ನಿಂತಳು.

ಮೊದಲ ಚೆಂಡು ಬಲೆಗೆ ಹೋಯಿತು. ಎರಡನೆಯದೂ ಬಲೆಗೆ. ಮೂರನೆಯದು ಬೇಲಿ ದಾಟಿ ಗಿಡಗಳೊಳಗೆ ಕಳೆದುಹೋಯಿತು. ಭುಜ ಚುರ್ ಎಂದಿತು. ಅಂಗಿಯ ತೋಳು ಮೇಲಕ್ಕೆ ಮಡಚಿ ಮತ್ತೆ ಚೆಂಡು ಮೇಲೆಸೆದು ಹೊಡೆದಳು. ಎಂಟನೆಯದೋ ಒಂಬತ್ತನೆಯದೋ ಗೆರೆಯ ಒಳಗೆ ಬಿದ್ದು ಕೆಂಪು ಧೂಳು ಚಿಮ್ಮಿಸಿತು.

ಹಿಂದೆ ಅಡಿಗೆಕೋಣೆಯ ಕಿಟಕಿ ತೆರೆದ ಸದ್ದಾಯಿತು. ಕಪ್ಪುಗಳ ಸದ್ದು ನಿಂತಿತು. ಇಲ್ವಾ ತಿರುಗಿ ನೋಡದೆ ಇನ್ನೊಂದು ಚೆಂಡು ತೆಗೆದುಕೊಂಡಳು, ಮತ್ತೊಂದು, ಮತ್ತೊಂದು.

ಬಕೆಟ್ ಖಾಲಿಯಾದಾಗ ಆಚೆ ಬದಿಯ ಬೇಲಿಯ ಬುಡದಲ್ಲಿ ಹಳದಿ ಚೆಂಡುಗಳು ಗುಂಪುಗೂಡಿದ್ದವು. ಅವಳ ಕಾಲುಚೀಲದ ಅಡಿ ಇಟ್ಟಿಗೆಯಂತೆ ಕೆಂಪಾಗಿತ್ತು. ಬಿಳಿ ಗೆರೆಯ ಹಿಂದೆ ಹೆಜ್ಜೆಯ ಮೇಲೆ ಹೆಜ್ಜೆ ಬಿದ್ದು ನೆಲ ಕೆದರಿತ್ತು. ಎಲ್ಲ ಹೆಜ್ಜೆಗಳ ಬೆರಳುಗಳೂ ಬಲೆಯ ಕಡೆಗಿದ್ದವು.